ರೊಟ್ಟಿ ಮುರಿಯದ ಕಾರು

ಸೂರ್ಯಕಾಂತ ಹಂಚಿನಾಳರು ಬೇರೆಯವರು ಅಳೆದದ್ದನ್ನು ನಂಬುವವರಲ್ಲ. ಹಾಲಿನವನು ಅಳೆದು ಕೊಟ್ಟ ಹಾಲನ್ನು ಮನೆಯ ಪಾತ್ರೆಗೆ ಸುರಿದು ಇನ್ನೊಮ್ಮೆ ಅಳೆಯುವರು. ದರ್ಜಿ ಸೊಂಟದ ಅಳತೆ ತೆಗೆದರೆ ಅವನೆದುರಿಗೇ ತಮ್ಮ ಟೇಪು ಹೊರತೆಗೆದು ಮತ್ತೆ ಸುತ್ತಿಕೊಂಡು, ಅವನಿಗಿಂತ ಒಂದಿಂಚು ಕಡಿಮೆ ಹೇಳುವರು. ಹೈದರಾಬಾದಿನ ಕುಷಾಯಿಗೂಡದ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಅವರ ಇಡೀ ನೌಕರಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ವಿಭಾಗದಲ್ಲೇ ಕಳೆದಿತ್ತು. ಲೋಕವನ್ನು ಅಳೆಯುವ ಸಾಧನಗಳನ್ನು ಅವರು ಅಳೆಯುತ್ತಿದ್ದರು. ಅಂಥ ಕುರ್ಚಿಯಲ್ಲಿ ಅಷ್ಟು ವರ್ಷ ಕೂತವರಿಗೆ, ದೇವರು ಸೃಷ್ಟಿ ಮುಗಿಸಿದ ಮೇಲೆ ಒಂದು ಸಲ ತಮಗೆ ತೋರಿಸಿ ಸಹಿ ಹಾಕಿಸಿಕೊಳ್ಳಬೇಕಾಗಿತ್ತು ಅನ್ನಿಸಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ನಿವೃತ್ತಿಯಾದ ಮೇಲೆ ಸಹಿ ಕೇಳಿಕೊಂಡು ಯಾರೂ ಬರಲಿಲ್ಲ. ಅದೇ ಹೊತ್ತಿಗೆ ಹೆಂಡತಿ ಶಿವದೇವಿಯ ಕಡಕ್ ರೊಟ್ಟಿ ಹೆಸರು ಮಾಡತೊಡಗಿತ್ತು. ಮುದ್ದೇಬಿಹಾಳದ ಕೈ. ಜೋಳದ ಹಿಟ್ಟನ್ನು ಹಲಗೆಯ ಮೇಲೆ ಬಡಿದು ಬಡಿದು ಕಾಗದದಷ್ಟು ತೆಳ್ಳಗೆ ಮಾಡಿ, ಬೇಯಿಸಿ, ಗರಿಗರಿ ಒಣಗಿಸಿ ಇಟ್ಟರೆ ತಿಂಗಳಾದರೂ ಕೆಡುವುದಿಲ್ಲ. ಜೀಡಿಮೆಟ್ಲಾದಿಂದ ಮಿಯಾಪುರದವರೆಗೆ ಉತ್ತರ ಕರ್ನಾಟಕದ ಯಾವ ಮನೆಯಲ್ಲಿ ಮಂಗಲಕಾರ್ಯವಿದ್ದರೂ ರೊಟ್ಟಿ ಶಿವದೇವಿಯದೇ. ಈ ವ್ಯವಹಾರದಲ್ಲಿ ಸೂರ್ಯಕಾಂತರಿಗೆ ಸಿಕ್ಕ ಹುದ್ದೆ ಡ್ರೈವರನದು. ಅವರು ಅದನ್ನು ‘ಸಾಗಣೆ ವಿಭಾಗ’ ಎಂದು ಕರೆಯುತ್ತಿದ್ದರು.

ಆ ವಿಭಾಗದ ಏಕೈಕ ವಾಹನ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕೆಂಪು ಕಾರು. ಟರ್ಬೊ ಇದ್ದದ್ದು. ಎಂಜಿನ್ನು ಬಿಡುವ ಹೊಗೆಯ ರಭಸಕ್ಕೇ ತಿರುಗುವ ಒಂದು ಸಣ್ಣ ಪಂಖ ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿನೊಳಗೆ ತುರುಕುತ್ತದೆ, ಅದರಿಂದಲೇ ಸಣ್ಣ ಎಂಜಿನ್ನಿಗೆ ದೊಡ್ಡ ಎಂಜಿನ್ನಿನ ಬಲ ಬರುತ್ತದೆ ಎಂದು ಸೂರ್ಯಕಾಂತರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

ಆದರೆ ಈಚೆಗೆ ಆ ಬಲಕ್ಕೆ ಕೆಮ್ಮು ಬಂದಿತ್ತು. ಸಮತಟ್ಟು ರಸ್ತೆಯಲ್ಲಿ ಕಾರು ನಿದ್ದೆ ಹೋದ ಮಗುವಿನ ಹಾಗೆ ಸದ್ದಿಲ್ಲದೆ ಓಡುತ್ತಿತ್ತು. ಬಾಲಾನಗರದ ಫ್ಲೈಓವರ್ ಹತ್ತುವಾಗ ಎಕ್ಸಿಲರೇಟರ್ ಒತ್ತಿದರೆ ಮಾತ್ರ ಧಡಕ್ ಧಡಕ್ ಎಂದು ಜಗ್ಗುತ್ತಿತ್ತು. ಮನುಷ್ಯರಾದರೆ ಸಹಿಸಿಕೊಳ್ಳುತ್ತಾರೆ, ಕಡಕ್ ರೊಟ್ಟಿ ಸಹಿಸುವುದಿಲ್ಲ. ಮಿಯಾಪುರದ ಉಮಾಶ್ರೀಯವರ ಮನೆಗೆ ಕಳಿಸಿದ ರೊಟ್ಟಿಯ ಬುಟ್ಟಿ ತೆರೆದಾಗ ಅರ್ಧಕ್ಕರ್ಧ ಚೂರು. ಆಕೆಯ ಫೋನು ಬಂದಾಗ ಶಿವದೇವಿ ಸ್ಪೀಕರ್ ಹಾಕಿಯೇ ಮಾತಾಡಿದಳು, ಸಾಗಣೆ ವಿಭಾಗಕ್ಕೂ ಕೇಳಲಿ ಎಂದು.

“ಶಿವದೇವಕ್ಕ, ನಾ ರೊಟ್ಟಿ ಹೇಳಿದ್ದೆ, ನೀವು ನುಚ್ಚು ಕಳಿಸೀರಿ. ಬರೂ ಐತವಾರ ಬಸುರಿ ಮಗಳ ಕುಬಸ ಐತಿ. ಬೀಗರ ಎಲಿಗೆ ಚೂರು ಬಡಸಾಕ ಆಕ್ಕೈತೇನ್ರಿ? ಇನ್ನೊಮ್ಮೆ ಹಿಂಗಾದ್ರ ನಾ ಮಷಿನ್ ರೊಟ್ಟಿ ತರಸ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಮಷಿನ್ ರೊಟ್ಟಿ! ಶಿವದೇವಿಗೆ ಯಾರಾದರೂ ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಆಕೆ ಫೋನು ಕೆಳಗಿಟ್ಟು ಗಂಡನ ಕಡೆ ತಿರುಗಿದಳು.

“ಐತವಾರ ನಮ್ಮ ಚನ್ನೂನ ಆಟೋಕ್ಕ ಹೇಳಿಬಿಡ್ತೀನಿ.”

ಚನ್ನು ಪಕ್ಕದ ಓಣಿಯ ಹುಡುಗ, ಸಾಮಾನು ಸಾಗಿಸುವ ಆಟೋ ಇಟ್ಟುಕೊಂಡವನು. ಸೂರ್ಯಕಾಂತರ ಮುಖ ಕಪ್ಪಿಟ್ಟಿತು.

“ಆಟೋದಾಗ? ಮೂರು ಗಾಲಿ ಮ್ಯಾಲೆ ರೊಟ್ಟಿ ಒಯ್ತಿ?”

“ಮೂರ ಗಾಲಿ ಇದ್ರೂ ಅದು ಕೆಮ್ಮೂದಿಲ್ಲರಿ.”

ಐತವಾರದ ಒಂದು ಖೇಪಿನ ಸಾಗಣೆ ಆಟೋಕ್ಕೆ ಹೋದರೆ ಮುಂದಿನ ಎಲ್ಲ ಖೇಪೂ ಹೋದಂತೆಯೇ ಎಂದು ಅವರಿಗೆ ಗೊತ್ತಿತ್ತು. ಆಮೇಲೆ ಅವರ ಕೆಲಸ ಟಿವಿ ಮುಂದೆ ಕೂತು ಶೇಂಗಾ ಸುಲಿಯುವುದಷ್ಟೆ.

“ಸ್ಪಾರ್ಕ್ ಪ್ಲಗ್ ಸವದಾವ,” ಎಂದರು ಗಂಭೀರವಾಗಿ. “ಕಿಡಿ ಸರಿ ಹಾರವಲ್ದು. ನಾ ಬದಲಿ ಮಾಡ್ತೀನಿ. ಒಂದ ಚಾನ್ಸ್ ಕೊಡು.”

ರೋಗನಿದಾನ ಸರಿಯಾಗಿಯೇ ಇತ್ತು. ಮೂರು ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ತುದಿಗಳು ಹಳೆಯ ಪೆನ್ಸಿಲಿನಂತೆ ಮೊಂಡಾಗಿದ್ದವು. ಸೂರ್ಯಕಾಂತರು ಅವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಪುತ್ಲಿಬೌಲಿಯ ಬಿಡಿಭಾಗಗಳ ಬಜಾರಿಗೆ ಹೋದರು.

ಅಂಗಡಿಯ ಬಿಳಿ ಗಡ್ಡದ ಚಾಚಾ ಪ್ಲಗ್ಗನ್ನು ಬೆಳಕಿಗೆ ಹಿಡಿದು ಅದರ ಮೇಲಿನ ಅಕ್ಷರ ಓದುವ ಮೊದಲೇ ಸೂರ್ಯಕಾಂತರು ಅಪ್ಪಣೆ ಕೊಟ್ಟರು: “ಸಬ್ ಸೆ ಗರಂ ವಾಲಾ ದೇವ್.” ಎಲ್ಲಕ್ಕಿಂತ ಬಿಸಿಯದನ್ನೇ ಕೊಡು.

“ಗರಂ ನಕ್ಕೋ ಸಾಬ್,” ಎಂದ ಚಾಚಾ. “ಟರ್ಬೊ ಅಪ್ಪುಇಚ್ ಗರಂ ರಹ್ತಾ. ಇಸ್ಕು ಥಂಡಾ ಹೋನಾ.”

ಟರ್ಬೊ ಎಂಜಿನ್ನು ತಾನೇ ಕುದಿಯುತ್ತಿರುತ್ತದೆ. ಅದಕ್ಕೆ ಶಾಖವನ್ನು ಬೇಗ ಹೊರಗೆ ದಾಟಿಸುವ ಪ್ಲಗ್ಗು ಬೇಕು, ಅದಕ್ಕೇ ‘ಥಂಡಾ’ ಅನ್ನುವುದು. ಪ್ಲಗ್ಗೂ ಕಾದು ಕೂತರೆ ಕಿಡಿ ಹಾರುವ ಮುಂಚೆಯೇ ಪೆಟ್ರೋಲು ಹೊತ್ತಿಕೊಂಡು ಎಂಜಿನ್ನಿನ ಎದೆ ಒಡೆಯುತ್ತದೆ. ಚಾಚಾ ಇಷ್ಟನ್ನು ಚಹಾ ಹೀರುತ್ತ ವಿವರಿಸಿದ. ಸೂರ್ಯಕಾಂತರು ಇದೆಲ್ಲ ಮೊದಲೇ ಗೊತ್ತಿದ್ದವರಂತೆ, ಪರೀಕ್ಷೆ ಮಾಡಲಿಕ್ಕೇ ಹಾಗೆ ಕೇಳಿದವರಂತೆ, ತಲೆದೂಗಿದರು. ಹಳೆಯದರ ಅಕ್ಷರಕ್ಕೆ ಅಕ್ಷರ ಹೊಂದುವ, ಸೂಜಿಮೊನೆಯಂಥ ಇರಿಡಿಯಂ ತುದಿಯ ಮೂರು ಪ್ಲಗ್ಗು ಬಂದವು.

“ಸೀದಾ ಫಿಟ್ ಕರ್ಲೇವ್ ಸಾಬ್. ಗ್ಯಾಪ್ ಕು ಹಾತ್ ನಕ್ಕೋ ಲಗಾವ್.”

ಗ್ಯಾಪಿಗೆ ಕೈ ಹಚ್ಚಬೇಡಿ! ಹೇಳಿದ್ದು ಯಾರಿಗೆ!

ಮನೆಗೆ ಬಂದವರೇ ಬೀರುವಿನಿಂದ ಫೀಲರ್ ಗೇಜ್ ತೆಗೆದರು. ಚಾಕುವಿನಂತೆ ಬಿಚ್ಚಿಕೊಳ್ಳುವ, ಒಂದಕ್ಕಿಂತ ಒಂದು ತೆಳುವಾದ ಉಕ್ಕಿನ ಎಲೆಗಳ ಗೊಂಚಲು ಅದು. ಸಂದಿನಲ್ಲಿ ಯಾವ ಎಲೆ ತೂರುತ್ತದೋ ಅದೇ ಸಂದಿನ ಅಳತೆ. ಪ್ಲಗ್ಗಿನ ನಡುವಿನ ತುದಿಗೂ ಮೇಲೆ ಬಾಗಿದ ಕೊಕ್ಕೆಗೂ ನಡುವಿನ ಸಂದು ಒಂದು ಮಿಲಿಮೀಟರಿನ ಹತ್ತರಲ್ಲಿ ಏಳು ಭಾಗ ಎಂದು ಬಂತು.

“ಇಷ್ಟ ಸಣ್ಣದಾ?” ಎಂದು ಸೂರ್ಯಕಾಂತರು ನಕ್ಕರು. ಅವರ ಮೊದಲಿನ ಕಾರಿಗೆ, ಟರ್ಬೊ ಇಲ್ಲದ ಆ ಮುದಿ ಜೀವಕ್ಕೆ, ಒಂದು ಮಿಲಿಮೀಟರಿಗಿಂತ ಹೆಚ್ಚಿತ್ತು. “ಕಿಡಿ ದೊಡ್ಡದಿದ್ರ ತಾಕತ್ತು ದೊಡ್ಡದು. ಗ್ಯಾಪ್ ದೊಡ್ಡದಿದ್ರ ಕಿಡಿ ದೊಡ್ಡದು. ಕಂಪನಿಯವರಿಗೆ ಇಷ್ಟೂ ತಿಳಿಯೂದಿಲ್ಲ ನೋಡು!”

ನಡುವಿನ ಸೂಕ್ಷ್ಮ ತುದಿಗೆ ಎಳ್ಳಷ್ಟೂ ತಾಗದ ಹಾಗೆ ಕೊಕ್ಕೆಯನ್ನಷ್ಟೇ ಎತ್ತಿ, ಮೂರಕ್ಕೂ ಸಂದನ್ನು ದೊಡ್ಡದು ಮಾಡಿದರು. ಕೈಚಳಕದಲ್ಲಿ ಕೊರತೆ ಇರಲಿಲ್ಲ. ತಪ್ಪು ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ಮಾಡುವವರು ಹೈದರಾಬಾದಿನಲ್ಲಿ ಇನ್ನೊಬ್ಬರು ಸಿಗಲಾರರು. ಶಿವದೇವಿ ಹೊಸ ವಸ್ತುವೆಂದು ಡಬ್ಬಿಗೆ ವಿಭೂತಿ ಹಚ್ಚಿ ಕೈಮುಗಿದಳು. ಪ್ಲಗ್ಗು ಒಳಗೆ ಕೂತವು.

ಪರೀಕ್ಷೆಗೆಂದು ಹಿಂದಿನ ಸೀಟಿನಲ್ಲಿ ಹತ್ತು ರೊಟ್ಟಿಯ ಒಂದು ಕಟ್ಟು ಇಟ್ಟುಕೊಂಡು ಗಂಡ ಹೆಂಡತಿ ಬಾಲಾನಗರಕ್ಕೆ ಹೋದರು. ಏರು ಬಂತು. ಸೂರ್ಯಕಾಂತರು ಎಕ್ಸಿಲರೇಟರ್ ಒತ್ತಿದರು. ಧಡಕ್. ಹಿಂದಿನ ಸೀಟಿನಿಂದ ಕಟಕಟ ಸದ್ದು ಕೇಳಿತು. ಮೊದಲಿಗಿಂತ ಹೆಚ್ಚೇ.

“ಪ್ಲಗ್ಗಿಗೆ ವಿಭೂತಿ ಹಚ್ಚಿದ್ದಿ ಏನು?” ಎಂದರು ಅವರು, ಗಾಡಿ ಬದಿಗೆ ನಿಲ್ಲಿಸಿ.

“ಡಬ್ಬಿಗೆ ಹಚ್ಚೀನಿ. ಮುಂಜಾನೆ ನಿಮ್ಮ ಹಣಿಗೂ ಹಚ್ಚೀನಿ. ಹಂಗಾರ ಏರಿ ಮ್ಯಾಲೆ ನೀವೂ ಕೆಮ್ಮಬೇಕಾಗಿತ್ತಲ್ಲ?”

ಅವರಿಗೆ ನಿಜಕ್ಕೂ ಕೆಮ್ಮು ಬಂದಿತ್ತು, ನುಂಗಿಕೊಂಡರು. ಆಕೆ ಅಲ್ಲಿಂದಲೇ ಚನ್ನುವಿಗೆ ಫೋನು ಮಾಡಿ ಐತವಾರ ಬರಲು ಹೇಳಿದಳು.

ಮರುದಿನ ಉಮಾಶ್ರೀಯವರ ಸಿಟ್ಟು ಇಳಿಸಲೆಂದು ಶಿವದೇವಿ ಶೇಂಗಾ ಚಟ್ನಿಯ ಡಬ್ಬಿ ಕೊಟ್ಟು ಗಂಡನನ್ನು ಮಿಯಾಪುರಕ್ಕೆ ಕಳಿಸಿದಳು, ಮೆಟ್ರೋದಲ್ಲಿ. ಕಾರಿನ ಒಡೆಯ ಮೆಟ್ರೋದಲ್ಲಿ ಚಟ್ನಿ ಹೊತ್ತು ಹೋಗುವುದು! ಮಧ್ಯಾಹ್ನದ ಹೊತ್ತು, ಅಮೀರ್‌ಪೇಟೆಯಲ್ಲಿ ರೈಲು ಬದಲಿಸುವಾಗ ಪ್ಲಾಟ್‌ಫಾರಂ ಖಾಲಿ ಇತ್ತು. ಅವರು ಕಂಬಕ್ಕೆ ಒರಗಿ ನಿಂತಿದ್ದು, ಬಾಗಿಲು ತೆರೆದ ಮೇಲೆ ನಾಲ್ಕು ಹೆಜ್ಜೆ ಹಾಕಿ ಹಾಯಾಗಿ ಹತ್ತಿದರು.

ಬರುವಾಗ ಸಂಜೆಯಾಗಿತ್ತು. ಅದೇ ಅಮೀರ್‌ಪೇಟೆ, ಆದರೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಸೂರ್ಯಕಾಂತರು ಮತ್ತೆ ಕಂಬಕ್ಕೆ ಒರಗಿ, ಹಿರಿಯರೆಂದು ಜನ ತಾವಾಗಿ ದಾರಿ ಬಿಡುತ್ತಾರೆಂಬ ಗತ್ತಿನಲ್ಲಿ ನಿಂತರು. ಒಂದು ರೈಲು ಹೋಯಿತು. ಇನ್ನೊಂದು ಹೋಯಿತು. ಬಾಗಿಲು ಕಣ್ಣೆದುರೇ ತೆರೆಯುತ್ತಿತ್ತು, ಇವರು ಅರ್ಧ ದಾರಿಯಲ್ಲೇ ಜನರ ನಡುವೆ ಸಿಕ್ಕಿಕೊಂಡು ನಿಲ್ಲುತ್ತಿದ್ದರು, ಬಾಗಿಲು ಮುಚ್ಚುತ್ತಿತ್ತು. ಆಫೀಸು ಬಿಟ್ಟು ಹೊರಟ ಹೆಣ್ಣುಮಗಳೊಬ್ಬಳಿಗೆ ಕನಿಕರ ಹುಟ್ಟಿತು.

“ಅಂಕುಲ್, ಅಕ್ಕಡ ನಿಲಬಡಿತೇ ಎಕ್ಕಲೇರು. ತಲುಪು ದಗ್ಗರ ನಿಲಬಡಾಲಿ.” ಅಲ್ಲಿ ನಿಂತರೆ ಹತ್ತಲಾರಿರಿ, ಬಾಗಿಲ ಹತ್ತಿರ ನಿಲ್ಲಬೇಕು.

ಸೂರ್ಯಕಾಂತರು ಬಾಯಿ ತೆರೆದವರು ತೆರೆದೇ ನಿಂತರು.

ಪ್ಲಾಟ್‌ಫಾರಂ ಖಾಲಿ ಇದ್ದರೆ ಕಂಬದಿಂದ ಬಾಗಿಲಿಗೆ ದಾಟುವುದು ಏನೂ ಅಲ್ಲ. ಜನ ಒತ್ತಿ ತುಂಬಿದಾಗ ಅದೇ ನಾಲ್ಕು ಹೆಜ್ಜೆ ಸಮುದ್ರವಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಎಂಜಿನ್ನಿನೊಳಗೆ ಮಧ್ಯಾಹ್ನದ ಅಮೀರ್‌ಪೇಟೆ. ಕಿಡಿ ಸಲೀಸಾಗಿ ಹಾರುತ್ತದೆ. ಏರು ಬಂದ ಕೂಡಲೇ ಟರ್ಬೊ ಗಾಳಿಯನ್ನು ತುರುಕುತ್ತದೆ, ಒಳಗೆ ಸಂಜೆಯ ಅಮೀರ್‌ಪೇಟೆ! ಪಾಪದ ಕಿಡಿ ದೂರದ ಕಂಬಕ್ಕೆ ಒರಗಿ ನಿಂತಿದೆ. ಅದು ದಾಟುವುದಾದರೂ ಹೇಗೆ? ಹಳೆಯ ಪ್ಲಗ್ಗುಗಳಲ್ಲಿ ತುದಿ ಸವೆದು ಸಂದು ದೊಡ್ಡದಾಗಿತ್ತು. ಹೊಸ ಪ್ಲಗ್ಗುಗಳಲ್ಲಿ ತುದಿ ಸವೆದು ಸಂದು ದೊಡ್ಡದಾಗುವವರೆಗೆ ಕಾಯುವ ಕಷ್ಟವನ್ನು ಸ್ವತಃ ಸೂರ್ಯಕಾಂತರೇ ತಪ್ಪಿಸಿದ್ದರು.

“ಗ್ಯಾಪ್ ಸಣ್ಣದಾಗಬೇಕು!” ಎಂದು ಅವರು ಕೂಗಿದರು. ಹೆಣ್ಣುಮಗಳು ಬೆಚ್ಚಿ ಸರಿದಳು. ಆ ಜಾಗದಲ್ಲಿ ನುಗ್ಗಿ ಅವರು ರೈಲು ಹತ್ತಿದರು.

ಶನಿವಾರ ಬೆಳಿಗ್ಗೆ, ಎಂಜಿನ್ನು ಪೂರ್ತಿ ತಣ್ಣಗಿದ್ದಾಗ, ಪ್ಲಗ್ಗುಗಳು ಮತ್ತೆ ಹೊರಬಂದವು. ಕೊಕ್ಕೆಯನ್ನು ಕೆಳಗಿಳಿಸಲು ಮರದ ಮೇಲೆ ಮೆಲ್ಲಗೆ ತಟ್ಟಬೇಕು. ಸೂರ್ಯಕಾಂತರು ಅಡುಗೆಮನೆಯಿಂದ ರೊಟ್ಟಿ ಬಡಿಯುವ ಹಲಗೆ ತಂದರು. ಒಂದು ಸಲ ಟಪ್ ಎಂದು ಕುಟ್ಟಿದ್ದೇ ತಡ, ಶಿವದೇವಿ ಹೊರಗೆ ಬಂದಳು.

“ನನ್ನ ಹಲಿಗಿ ಮ್ಯಾಲೆ ಏನ್ ಬಡಿಯಾಕತ್ತೀರಿ? ಹಂಗ ಬಡದ್ರ ಹರಿತೈತಿ. ಹಗೂರಕ. ಬೆರಳಿಗೆ ಗೊತ್ತಾಗೂಹಂಗ.”

“ಇದು ರೊಟ್ಟಿ ಅಲ್ಲ.”

“ಅಲ್ಲ ಖರೆ. ಆದ್ರ ನೀವು ಬಡಿಯೂದು ನೋಡಿದ್ರ ರೊಟ್ಟಿನೂ ಆಗೂದಿಲ್ಲ, ಪ್ಲಗ್ಗೂ ಆಗೂದಿಲ್ಲ.”

ಅವರು ಹಗುರಾಗಿ ತಟ್ಟಿದರು. ತಟ್ಟಿ, ಅಳೆದು, ಮತ್ತೆ ತಟ್ಟಿ, ಏಳರ ಎಲೆ ಕೊಂಚ ಹಿಡಿದುಕೊಂಡು ಜಾರುವ ತನಕ ಬಿಡಲಿಲ್ಲ. ಆಮೇಲೆ ಪ್ಲಗ್ಗುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಕೊನೆಗೆ ಪಾನಾ ಹಾಕಿ ಕಂಪನಿಯವರು ಹೇಳಿದಷ್ಟೇ ಬಿಗಿದರು. ಶಿವದೇವಿ ನೋಡುತ್ತ ನಿಂತಿದ್ದಳು. ಚನ್ನುವಿಗೆ ಬೇಡವೆಂದು ಮಾತ್ರ ಹೇಳಲಿಲ್ಲ.

ಐತವಾರ ಮುಂಜಾನೆ ಕಾರಿನ ಹಿಂದಿನ ಸೀಟು, ಡಿಕ್ಕಿ ಎಲ್ಲ ರೊಟ್ಟಿಯ ಬುಟ್ಟಿ. ಹಿಂದೆ ಚನ್ನುವಿನ ಖಾಲಿ ಆಟೋ.

“ಇಂವ ಯಾಕ?” ಎಂದರು ಸೂರ್ಯಕಾಂತರು.

“ಇರ್ಲಿ ಕಾಕಾ,” ಎಂದು ಚನ್ನು ಹಲ್ಲು ಕಿರಿದ. “ನಿಮ್ಮ ಗಾಡಿ ಹಾದ್ಯಾಗ ಕುಂತ್ರ ಬುಟ್ಟಿ ನಾ ಒಯ್ತೀನಿ, ನಿಮ್ಮನ್ನೂ ಒಯ್ತೀನಿ. ನಿಮಗ ಬಾಡಿಗಿ ಬ್ಯಾಡ.”

ಶಿವದೇವಿ ಬುಟ್ಟಿಗಳ ನಡುವೆ ತೂರಿ ಕೂತು ಎರಡೂ ಕೈಗಳನ್ನು ಅವುಗಳ ಮೇಲಿಟ್ಟಳು. ಕಾರು ಬಾಲಾನಗರ ಮುಟ್ಟಿತು. ಏರಿನ ಬುಡದಲ್ಲಿ ಮುಂದೆ ಒಂದು ನೀರಿನ ಟ್ಯಾಂಕರು, ಹನಿ ಉದುರಿಸುತ್ತ ತೆವಳುತ್ತಿತ್ತು. ಅದನ್ನು ದಾಟಬೇಕೆಂದರೆ ಎಕ್ಸಿಲರೇಟರ್ ಪೂರ್ತಿ ಒತ್ತಲೇಬೇಕು.

“ಹಗೂರಕ ಹೋಗ್ರಿ. ಟ್ಯಾಂಕರ್ ಹಿಂದ ನಡೀಲಿ,” ಎಂದಳು ಶಿವದೇವಿ.

ಸೂರ್ಯಕಾಂತರು ಜೀವನದಲ್ಲಿ ಮೊದಲ ಸಲ ಅಳೆಯದೆ ಒಂದು ಕೆಲಸ ಮಾಡಿದರು. ಒತ್ತಿದರು.

ಧಡಕ್ ಇಲ್ಲ. ಟರ್ಬೊ ಸುಯ್ ಎಂದು ಉಸಿರೆಳೆದುಕೊಂಡಿತು, ಕಾರು ಬೆನ್ನು ತಟ್ಟಿಸಿಕೊಂಡ ಹೋರಿಯಂತೆ ಮುನ್ನುಗ್ಗಿತು, ಟ್ಯಾಂಕರು ಪಕ್ಕಕ್ಕೆ ಸರಿದು ಹಿಂದಾಯಿತು. ಏರಿನ ನೆತ್ತಿ ಮುಟ್ಟಿದಾಗ ಕನ್ನಡಿಯಲ್ಲಿ ಚನ್ನುವಿನ ಆಟೋ ಹಳದಿ ಚುಕ್ಕೆಯಾಗಿತ್ತು. ಸೂರ್ಯಕಾಂತರು ಕಿವಿ ನಿಮಿರಿಸಿ ಹಿಂದಿನ ಸೀಟನ್ನು ಆಲಿಸಿದರು. ಕಟಕಟ ಇಲ್ಲ. ಶಿವದೇವಿಯ ಸದ್ದೂ ಇಲ್ಲ.

“ಏನಾತು?” ಎಂದರು ಅಂಜುತ್ತ.

“ಏನೂ ಆಗ್ಲಿಲ್ಲರಿ,” ಎಂದಳು ಆಕೆ. ಬುಟ್ಟಿಗಳ ಮೇಲಿನ ಕೈ ತೆಗೆದು, “ಇನ್ನೊಮ್ಮೆ ಒತ್ರಿ ನೋಡೂಣು,” ಎಂದಳು.

ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ ಉಮಾಶ್ರೀಯವರು ಬುಟ್ಟಿ ಬುಟ್ಟಿ ತೆರೆಸಿದರು. ಬೆಳ್ಳಗೆ, ದುಂಡಗೆ, ಅಂಚು ಕೂಡ ಮುಕ್ಕಾಗದ ರೊಟ್ಟಿಗಳು. ಆಕೆ ಮೇಲಿನ ಒಂದನ್ನು ಎತ್ತಿ ತಾವೇ ಕಟಕ್ ಎಂದು ಮುರಿದು ಬಾಯಿಗಿಟ್ಟರು. ಆ ದಿನ ಮುರಿದ ಮೊದಲ ರೊಟ್ಟಿ ಅದು.

“ಶಿವದೇವಕ್ಕ, ಮಷಿನ್ ಅಂದದ್ದು ನನ್ನ ಬಾಯಿ ತಪ್ಪು. ತೊಟ್ಟಿಲದ ಊಟಕ್ಕೂ ನಿಮ್ಮದ ರೊಟ್ಟಿ.” ಕೇಳಿಸಿಕೊಂಡ ಬೀಗರ ಕಡೆಯವರೊಬ್ಬರು ಬಂದು ತಮ್ಮ ಮನೆಯ ಮದುವೆಯ ತಾರೀಖು ಹೇಳಿಹೋದರು.

ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಚನ್ನು, ವಾಚ್‌ಮನ್ನು, ಇಬ್ಬರು ಅಡುಗೆಯವರು ಇಷ್ಟು ಜನ ಸೂರ್ಯಕಾಂತರ ಸುತ್ತ ನಿಂತಿದ್ದರು. ಅಮೀರ್‌ಪೇಟೆಯ ಸಿದ್ಧಾಂತ ಮೊದಲಿನಿಂದ ನಡೆದಿತ್ತು. ಹೆಣ್ಣುಮಗಳ ಪಾತ್ರ ಅದರಲ್ಲಿ ತುಸು ಕಡಿಮೆಯಾಗಿತ್ತು.

“ಕಡೀಕ ಗ್ಯಾಪ್ ಎಷ್ಟ ಇಟ್ರಿ ಕಾಕಾ?” ಎಂದ ಚನ್ನು.

“ಹತ್ತರಾಗ ಏಳು.”

ಖಾಲಿ ಬುಟ್ಟಿ ಹಿಡಿದು ಬಂದ ಶಿವದೇವಿ ನಿಂತಳು. “ಅಂಗಡ್ಯಾಗಿಂದ ತಂದಾಗ ಎಷ್ಟಿತ್ರಿ?”

ಸಭೆಯ ಕಣ್ಣೆಲ್ಲ ಸೂರ್ಯಕಾಂತರ ಕಡೆ ತಿರುಗಿದವು.

“ಏಳ ಇತ್ತು,” ಎಂದರು ಸೂರ್ಯಕಾಂತರು, ಎದೆ ಉಬ್ಬಿಸಿಯೇ. “ಆದ್ರ ಆವಾಗ ಅದು ಅವರ ಏಳು. ಈಗ ಅಳದ ಇಟ್ಟ ಏಳು.”

ಶಿವದೇವಿ ಎಲ್ಲರೆದುರೇ ಸೆರಗು ಬಾಯಿಗಿಟ್ಟು ನಕ್ಕಳು, ಮದುವೆಯಾದ ಹೊಸತರಲ್ಲಿ ನಗುತ್ತಿದ್ದ ಹಾಗೆ. ಆಮೇಲೆ ಚನ್ನುವಿನ ಕೈಗೆ ನಾಲ್ಕು ರೊಟ್ಟಿ, ಚಟ್ನಿ ಇಟ್ಟು, “ನೀ ಊಟಾ ಮಾಡ್ಕೊಂಡು ಹೋಗಪಾ,” ಎಂದಳು. “ಮುಂದಿನ ಸಲ ಹಿಂದಿಂದ ಬರೂದ ಬ್ಯಾಡ. ನಮ್ಮ ಗಾಡಿ ಹಿಡಿಯಾಕ ಆಗೂದಿಲ್ಲ ನಿನಗ.”

ಸಾಗಣೆ ವಿಭಾಗದ ಮುಖ್ಯಸ್ಥರು ಖಾಲಿ ಬುಟ್ಟಿಗಳನ್ನು ತಾವೇ ಹೊತ್ತು ಕಾರಿನ ಕಡೆ ನಡೆದರು. ಮನೆಗೆ ಮರಳುವಾಗ ಬೇರೆ ಹತ್ತಿರದ ದಾರಿ ಇತ್ತು. ಆದರೂ ಇಬ್ಬರೂ ಬಾಲಾನಗರದ ಫ್ಲೈಓವರ್ ಮೇಲಿಂದಲೇ ಬಂದರು.