ಎರಡನೆಯ ಭಾಗದ ಕೊನೆಯ ಪುಟ

ನಮ್ಮ ಮನೆಯ ಬೈಬಲ್ಲನ್ನು ಬಿಚ್ಚಿ ಏಳು ಭಾಗ ಮಾಡಿದವನು ನಾನೇ. ಆಗ ಯುದ್ಧದ ಕಾಲ. ಬಳ್ಳಾರಿಯಲ್ಲಿ ನಾನು ಕರಡಚ್ಚು ತಿದ್ದುತ್ತಿದ್ದ ವಾರಪತ್ರಿಕೆ ಕಾಗದ ಸಿಗದೆ ಎಂಟು ಪುಟದಿಂದ ನಾಲ್ಕಕ್ಕೆ ಇಳಿದಿತ್ತು. ಹೊಸ ಕನ್ನಡ ಬೈಬಲ್ ನಮ್ಮ ಕಡೆ ಎಲ್ಲೂ ಸಿಗುತ್ತಿರಲಿಲ್ಲ. ಅಪ್ಪ ಪೆದ್ದಹರಿವಾಣಂನಲ್ಲಿ ಉಪದೇಶಿ. ಆದೋನಿ ಸುತ್ತಿನ ಊರುಗಳಲ್ಲಿ ಚದುರಿದ್ದ ಏಳು ಮನೆಗಳೇ ಅವರ ಸಭೆ. ಅಷ್ಟೂ ಮನೆಗೆ ಇದ್ದದ್ದು ಒಂದೇ ಪುಸ್ತಕ.

ಪುಸ್ತಕವನ್ನು ಹಂಚಿಕೊಳ್ಳುವುದು ಎಂದು ಅಪ್ಪ ತೀರ್ಮಾನಿಸಿದರು. ಒಂದು ಮನೆಗೆ ಒಂದು ಭಾಗ. ತಿಂಗಳ ಮೊದಲ ಭಾನುವಾರ ಅದು ಮುಂದಿನ ಮನೆಗೆ ಹೋಗಬೇಕು. ಅಚ್ಚಿನ ಕೆಲಸ ಬಲ್ಲವನೆಂದು ಚಾಕು ನನ್ನ ಕೈಗೆ ಬಂತು. ಆ ದಿನ ಪ್ರಾರ್ಥನೆಗೆ ನಾಗಲದಿನ್ನೆಯಿಂದ ಬಂದಿದ್ದ ತೆಲುಗಿನ ಮುದುಕಿಯೊಬ್ಬಳು ಕೆನ್ನೆಗೆ ಕೈ ಇಟ್ಟುಕೊಂಡು, "ದೇವುಡಿ ಮಾಟನಿ ಕತ್ತಿತೋ ಕೋಸ್ತಾರಾ ಅಯ್ಯಾ?" ಎಂದಳು. ದೇವರ ಮಾತನ್ನು ಚಾಕುವಿನಿಂದ ಕೊಯ್ಯುತ್ತಾರೆಯೇ ಎಂದು.

"ಕೊಯ್ಯೋದಲ್ಲಮ್ಮಾ, ಮುರಿದು ಹಂಚೋದು. ರೊಟ್ಟಿ ಮುರಿದಂಗ," ಎಂದರು ಅಪ್ಪ.

ನಾನು ಎಲ್ಲಿ ಹೊಲಿಗೆಯ ದಾರ ಸಿಕ್ಕಿತೋ ಅಲ್ಲಿ ಬಿಡಿಸಿದೆ. ಕಥೆ ಎಲ್ಲಿ ಮುಗಿಯುತ್ತದೆ ಎಂದು ನೋಡಲಿಲ್ಲ. ಯಾವ ಭಾಗದ ನಂತರ ಯಾವುದು ಯಾರ ಮನೆಗೆ ಹೋಗುತ್ತದೆ ಎಂಬ ಕ್ರಮವನ್ನೂ ನೋಡಲಿಲ್ಲ. ಕೈಗೆ ಬಂದ ಭಾಗ ಎದುರಿಗೆ ಬಂದವರಿಗೆ ಕೊಟ್ಟೆ.

ಅಕ್ಕ ಆಗ ನಮ್ಮ ಮನೆಯಲ್ಲೇ ಇದ್ದಳು. ಭಾವ ಸೈನ್ಯದಲ್ಲಿ ಲಾರಿ ಓಡಿಸಲು ಸೇರಿ ಮಲಯದ ಕಡೆ ಹೋಗಿದ್ದರು. ಚಿಕ್ಕಂದಿನಲ್ಲಿ ನಾನು ಶಾಲೆಗೆ ಹೋದೆ, ಅವಳು ಹತ್ತಿ ಬಿಡಿಸಲು ಹೋದಳು. ಗಂಡನ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಲು ನಾಚಿ, ಇಪ್ಪತ್ತೈದು ದಾಟಿದ ಮೇಲೆ ಅಪ್ಪನ ಹತ್ತಿರ ಅಕ್ಷರ ಕಲಿತಳು. ಅವಳು ಕೂಡಿಸಿ ಓದುವಷ್ಟಾಗುವ ಹೊತ್ತಿಗೆ ಸಿಂಗಪುರ ಜಪಾನೀಯರ ಕೈಗೆ ಬಿತ್ತು. ಕಾಗದ ನಿಂತಿತು. ಓದಲು ಉಳಿದದ್ದು ತಿಂಗಳಿಗೊಂದು ಭಾಗ.

ಶನಿವಾರ ರೈಲಿನಲ್ಲಿ ಆದೋನಿಗೆ ಬಂದು ಊರಿಗೆ ನಡೆದು ಬರುತ್ತಿದ್ದೆ. ಒಂದು ಭಾನುವಾರ ಮಧ್ಯಾಹ್ನ ಅವಳು ಎರಡನೆಯ ಭಾಗವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದರ ಕೊನೆಗೆ, ಗಂಡನನ್ನು ಕಳೆದುಕೊಂಡು ಅತ್ತೆಯ ಜೊತೆ ಪರಊರಿಗೆ ಬಂದ ಸೊಸೆಯ ಕಥೆ ಇದೆ. ಬಡತನಕ್ಕೆ ಅವಳು ಕಂಡವರ ಹೊಲದಲ್ಲಿ ಕೊಯ್ಲಿನ ಹಿಂದೆ ಹೋಗಿ ಬಿದ್ದ ತೆನೆ ಆರಿಸುತ್ತಾಳೆ.

"ಹದಿನೈದು ದಿನದಾಗ ಎರಡ ಅಧ್ಯಾಯ ಏನಕ್ಕಾ?" ಎಂದೆ.

"ನಿನ್ನಂಗ ತಪ್ಪು ಹುಡುಕಾಕ ಓದ್ತಿಲ್ಲಪಾ ನಾನು." ಸಾಲಿನ ಮೇಲಿದ್ದ ಬೆರಳನ್ನು ತೆಗೆಯಲಿಲ್ಲ. "ಒಂದು ಕೇಳ್ತೀನಿ ಹೇಳು. ಹೊಲದ ಯಜಮಾನ ಕೊಯ್ಯೋರಿಗೆ ಹೇಳ್ತಾನ, ಕೊಯ್ದು ಕಟ್ಟಿದ ಸಿವುಡಿನಾಗಿಂದ ಒಂದೀಟು ತೆನಿ ಬೇಕಂತ ಕೆಡವ್ರಿ, ಆಕಿ ಆರಿಸಿಕೊಳ್ಳಲಿ ಅಂತ. ಬೇಕಂತ ಕೆಡವ್ಯಾರ ಅಂತ ಆಕಿಗೆ ಗೊತ್ತಿತ್ತೇನು?"

ಆ ಕಥೆಯನ್ನು ನಾನು ಎಷ್ಟೋ ಸಲ ಓದಿದ್ದೆ. ಪುಸ್ತಕ ಇಸಿದುಕೊಂಡು ನೋಡಿದೆ. ಬರೆದಿರಲಿಲ್ಲ. ಬರೆದಿಲ್ಲ ಎಂಬುದೇ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

"ಗೊತ್ತಿರ್ತೈತಿ," ಎಂದಳು ಅವಳೇ. "ನಾನು ಹತ್ತಿ ಹೊಲದಾಗ ಆರಿಸ್ದಾಕಿ. ತಾನ ಬಿದ್ದದ್ದು ಅಲ್ಲೊಂದು ಇಲ್ಲೊಂದು ಇರ್ತೈತಿ. ಬೇಕಂತ ಬಿಟ್ಟದ್ದು ನಾವು ಹೋಗೋ ಹಾದಿಮ್ಯಾಲ ಇರ್ತೈತಿ. ಗೊತ್ತಾದ್ರೂ ಬಗ್ಗಿ ಎತ್ಕೋಬೇಕು, ಹಸಿವು."

ಮುಂದಿನ ಭೇಟಿಗೆ ಅವಳು ಮೂರನೆಯ ಅಧ್ಯಾಯದ ಕೊನೆಗೆ ಬಂದಿದ್ದಳು. ಸೊಸೆ ಸೆರಗಿನ ತುಂಬ ಕಾಳು ಕಟ್ಟಿಕೊಂಡು ಮನೆಗೆ ಬರುತ್ತಾಳೆ. ಮಗಳೇ, ವಿಷಯ ಏನಾಗುತ್ತದೋ ತಿಳಿಯುವ ತನಕ ಸುಮ್ಮನೆ ಕೂತಿರು ಎನ್ನುತ್ತಾಳೆ ಅತ್ತೆ. ಅಲ್ಲಿಗೆ ಪುಟ ಮುಗಿಯಿತು, ನಾನು ಕೊಯ್ದ ಭಾಗವೂ ಮುಗಿಯಿತು.

"ಮುಂದ?"

"ಮುಂದಿಂದು ಮೂರನೇ ಭಾಗ. ಕೌತಾಳಂನಾಗ ಐತಿ. ನಮಗ ಬರಾಕ ಇನ್ನೂ ಐದು ತಿಂಗಳು."

"ಎಂಥಾ ಕಡೆ ಕೊಯ್ದಿಯೋ ಮಾರಾಯ!" ಎಂದು ನಕ್ಕಳು. ಕಥೆ ಹೇಳಲೇ ಎಂದೆ. "ಬ್ಯಾಡ. ಕೊನಿ ಗೊತ್ತೈತಿ, ಅಪ್ಪ ಹೇಳ್ಯಾರ. ಕೂತಿರು ಅಂದಾಳಲ್ಲ ಅತ್ತಿ, ಕೂತಿರ್ತೀನಿ ಬಿಡು."

ಕೊನೆ ನನಗೂ ಗೊತ್ತಿತ್ತು. ಆ ವಿಧವೆಯನ್ನು ಹೊಲದ ಯಜಮಾನ ಮದುವೆಯಾಗುತ್ತಾನೆ; ಅವಳ ಮಡಿಲಿಗೆ ಮಗು ಬರುತ್ತದೆ. ಮೂರನೆಯ ಭಾಗ ಕೌತಾಳಂನಲ್ಲಿ ಯಾರ ಮನೆಯಲ್ಲಿತ್ತೋ ಆ ಮಾಸ್ತರರು ಹೆಂಡತಿಯನ್ನು ಕಳೆದುಕೊಂಡವರು. ಅಕ್ಕನನ್ನು ಕೊಡುವಿರಾ ಎಂದು ಅಪ್ಪನನ್ನು ಒಮ್ಮೆ ಕೇಳಿಯೂ ಇದ್ದರು. "ಆಕಿ ಮನಸು ಹೆಂಗೈತೋ," ಎಂದು ಅಪ್ಪ ಸುಮ್ಮನಾಗಿದ್ದರು. ಭಾವನ ಸುದ್ದಿ ನಿಂತು ಎರಡು ವರ್ಷವಾಗಿತ್ತು. ಇನ್ನು ಬರುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೆ; ಪತ್ರಿಕೆಯಲ್ಲಿದ್ದವನಿಗೆ ಎಲ್ಲ ಗೊತ್ತು ಎಂಬ ಭ್ರಮೆ ಬೇಗ ಬರುತ್ತದೆ. ಕೊನೆಯ ಅಧ್ಯಾಯವನ್ನು ಅವಳು ತಾನೇ ಓದಿದರೆ ಮನಸ್ಸು ತಿರುಗಬಹುದು ಎಂದುಕೊಂಡು, ಬಳ್ಳಾರಿಯಿಂದ ಮಾಸ್ತರರಿಗೆ ಒಂದು ಕಾರ್ಡು ಬರೆದೆ: ಸರದಿ ನೋಡಬೇಡಿ, ಬರುವ ತಿಂಗಳು ಮೂರನೆಯ ಭಾಗವನ್ನು ನೀವೇ ನಮ್ಮ ಮನೆಗೆ ತನ್ನಿ.

ಅವರು ತೊಳೆದ ಪಂಚೆಯುಟ್ಟು, ಪುಸ್ತಕವನ್ನು ವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಅಕ್ಕ ನೀರು ಕೊಟ್ಟಳು. ಎರಡೂ ಕೈಯಲ್ಲಿ ಪುಸ್ತಕ ತೆಗೆದುಕೊಂಡು ಮೊದಲ ಪುಟ ನೋಡಿದಳು. ಬೆರಳು ಮಡಚಿ ಏನನ್ನೋ ಲೆಕ್ಕ ಹಾಕಿದಳು.

"ಮಾಸ್ತರ್ರ, ಈ ತಿಂಗಳು ನಮಗ ಬರಬೇಕಾದ್ದು ಆರನೇ ಭಾಗ. ಇದು ಹೆಂಗ ಬಂತ್ರಿ?"

ಮಾಸ್ತರರು ನನ್ನ ಮುಖ ನೋಡಿದರು. ನಾನು ಬಾಗಿಲ ಕಡೆ ನೋಡಿದೆ.

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. "ತಮ್ಮಾ, ನಾನು ಹೋಗೋ ಹಾದಿಮ್ಯಾಲ ಬಿದ್ದೈತಿ ನೋಡು ಇದು." ಮತ್ತೆ ಅವರ ಕಡೆ ತಿರುಗಿ, "ನೀವು ಒಳ್ಳೇರದೀರಿ, ಅದು ಗೊತ್ತೈತಿ ನನಗ. ಆದ್ರ ಈ ಕಥಿಯಾಗಿನಾಕಿ ಗಂಡ ಸತ್ತಾನ ಅಂತ ಮೊದಲ್ನೇ ಅಧ್ಯಾಯದಾಗ ಐತ್ರಿ. ಎಲ್ಲಾರೂ ಕೊನಿ ಹೇಳ್ತಾರ, ಅದನ್ನ ಹೇಳಂಗಿಲ್ಲ. ನನ್ನ ಗಂಡ ಸತ್ತಾನ ಅಂತ ಯಾರೂ ಬರದು ಕಳಿಸಿಲ್ಲ," ಎಂದಳು. ಪುಸ್ತಕವನ್ನು ಅದೇ ವಸ್ತ್ರದಲ್ಲಿ ಸುತ್ತಿ ಅವರ ಕೈಗೆ ಕೊಟ್ಟು, ಊಟ ಮಾಡಿಕೊಂಡು ಹೋಗಬೇಕೆಂದು ಒತ್ತಾಯ ಮಾಡಿದಳು. ಅವರು ಊಟ ಮಾಡಿಯೇ ಹೋದರು.

ಮೂರನೆಯ ಭಾಗ ತನ್ನ ಸರದಿಗೆ ಮನೆಗೆ ಬಂದಾಗ ಅವಳು ಆ ಒಂದು ಅಧ್ಯಾಯ ಬಿಟ್ಟು ಉಳಿದದ್ದನ್ನೆಲ್ಲ ಓದಿದಳು. ಯುದ್ಧ ಮುಗಿದು, ಸೆರೆಯಿಂದ ಬಿಡುಗಡೆಯಾದವರ ಪಟ್ಟಿಗಳು ಪತ್ರಿಕೆಯ ಕಚೇರಿಗೆ ಬಂದವು. ನಾನು ಒಂದೊಂದು ಹೆಸರನ್ನೂ ಅವಳ ಹಾಗೆ ಬೆರಳಿಟ್ಟು ಓದಿದೆ; ಭಾವನದು ಸಿಗಲಿಲ್ಲ. ಅಚ್ಚಿನ ತಪ್ಪಿನಿಂದ ಹೆಸರೊಂದು ಬಿಟ್ಟುಹೋಗಿರಬಹುದು ಎಂದು ನಾನು ಆಸೆಪಟ್ಟದ್ದು ಆಗ ಮಾತ್ರ. ಸತ್ತವರ ಪಟ್ಟಿಯಲ್ಲೂ ಭಾವನ ಹೆಸರಿರಲಿಲ್ಲ. ಅಕ್ಕ ಕೂತೇ ಇದ್ದಳು. ಹಾಗೆ ಕಾದು ಕೂತೇ, ವರ್ಷಗಳ ನಂತರ, ಅವಳ ಕಾಲವೂ ಮುಗಿಯಿತು.

ಕಾಗದ ಮತ್ತೆ ಸಿಗುವಂತಾದಾಗ ಅಪ್ಪ ಏಳೂ ಭಾಗಗಳನ್ನು ಆದೋನಿಯಲ್ಲಿ ಒಟ್ಟಿಗೆ ಹೊಲಿಸಿದ್ದರು. ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ಸಮನಾಗಿ ಮುಚ್ಚುವುದಿಲ್ಲ. ಎರಡನೆಯ ಭಾಗದ ಕೊನೆಯ ಪುಟದ ಕೆಳಮೂಲೆ ಅವಳ ಹೆಬ್ಬೆರಳಿನಿಂದ ಕಪ್ಪಾಗಿದೆ. ನಿಧಾನವಾಗಿ, ಬೆರಳಿಟ್ಟು, ಅಲ್ಲಿಯವರೆಗೆ ಓದುತ್ತೇನೆ. ಮುಂದಿನ ಪುಟ ಅದರ ಬೆನ್ನಿಗೇ ಇದೆ. ತಿರುಗಿಸುವ ಮುಂಚೆ, ಪಕ್ಕದಿಂದ ಯಾರಾದರೂ "ಮುಂದ?" ಎನ್ನಲಿ ಎಂದು ಸ್ವಲ್ಪ ಹೊತ್ತು ಕೂತಿರುತ್ತೇನೆ.