ಬೈಗಿಗೆ ತೆರೆಯುವ ದಾರಿ

ಮೂಡಿಗೆರೆಯಿಂದ ಕಳಸಕ್ಕೆ ಹೋಗಲು ಉಪಗ್ರಹದ ನೆರವು ಬೇಕೆಂದು ಆ ಕಾಲದಲ್ಲಿ ಯಾರಾದರೂ ಹೇಳಿದ್ದರೆ ಕೇಳಿದವರು ನಕ್ಕುಬಿಡುತ್ತಿದ್ದರು. ಅದು ಬಸ್ಸು ಓಡಾಡುವ ದಾರಿ. ತಪ್ಪಿದರೆ ಕೇಳಲು ಕೈಮರಕ್ಕೊಂದು ಅಂಗಡಿಯಿತ್ತು. ಆದರೂ ಎರಡು ಸಾವಿರದ ದಶಕದ ಕೊನೆಯಲ್ಲಿ, ಒಂದು ಚಳಿಗಾಲ, ನಾನೂ ನನ್ನ ಗೆಳೆಯನೂ ಸಂಜೆಸಂಜೆ ಕಂಪ್ಯೂಟರಿನ ಮುಂದೆ ಕುಳಿತು ಆ ದಾರಿಯನ್ನು ಗೀಟುಗೀಟಾಗಿ ಎಳೆದೆವು.

ಗೆಳೆಯನಿಗೆ ಎಳವೆಯಲ್ಲಿ ಪೋಲಿಯೋ ತಗುಲಿ ಎರಡೂ ಕಾಲು ಸೊರಗಿದ್ದವು. ಸಮತಟ್ಟಾದ ನೆಲದಲ್ಲಿ ಊರುಗೋಲು ಹಿಡಿದು ನಿಧಾನವಾಗಿ ನಡೆಯುತ್ತಿದ್ದ. ಮೆಟ್ಟಿಲು, ಬಸ್ಸು, ಜೀಪು ಎಂದರೆ ಮಾತ್ರ ಇನ್ನೊಬ್ಬರು ಎತ್ತಬೇಕು. ಚಿಕ್ಕಮಗಳೂರಿನಲ್ಲಿ ಓದುವಾಗ ನಾವಿಬ್ಬರೂ ಚರ್ಚಾಸ್ಪರ್ಧೆಯ ಜೋಡಿ. ವಿಷಯದ ಪರವಾಗಿ ನಾನು, ವಿರೋಧವಾಗಿ ಅವನು. ಈಗ ಅವನು ಮೂಡಿಗೆರೆಯ ಬಸ್ ನಿಲ್ದಾಣದ ಬಳಿ ಇಂಟರ್‌ನೆಟ್ ಅಂಗಡಿ ನಡೆಸುತ್ತಿದ್ದ. ನಾನು ಪಾಠ ಹೇಳುತ್ತಿದ್ದೆ. ಬಿಡುವಿನಲ್ಲಿ ಮೆಟ್ಟಿಲುಗಳ ಪಕ್ಕ ಇಳಿಜಾರು ಕಟ್ಟಿಸಿರೆಂದು ಸರ್ಕಾರಿ ಕಚೇರಿಗಳನ್ನು ಸುತ್ತುತ್ತಿದ್ದೆ. ಸಮಾಜದ ತಪ್ಪನ್ನು ಸಮಾಜವೇ ತಿದ್ದಬೇಕು, ಅದಕ್ಕಾಗಿ ಒಬ್ಬ ಮನುಷ್ಯ ಯಾರ ಮುಂದೆಯೂ ಕೈಮುಗಿಯಬೇಕಾಗಿಲ್ಲ ಎಂಬುದು ಆಗ ನನ್ನ ನಂಬಿಕೆಯಾಗಿತ್ತು. ಈಗಲೂ ಅದೇ ನಂಬಿಕೆ.

ಅವನ ತಂಗಿಯನ್ನು ಕಳಸದ ಹತ್ತಿರಕ್ಕೆ ಕೊಟ್ಟಿದ್ದರು. ವರ್ಷಕ್ಕೊಮ್ಮೆ ತಂಗಿಯ ಗಂಡ ಜೀಪು ತಂದು, ಎರಡು ಕಂಕುಳಿಗೂ ಕೈಕೊಟ್ಟು ಅವನನ್ನು ಎತ್ತಿ ಕೂರಿಸಿಕೊಂಡು ಹೋಗುವುದು ರೂಢಿ.

"ಬೇಜಾರಿಂದ ಎತ್ತಿದ್ರೆ ಬೈಬಹುದಿತ್ತು ಮಾರಾಯ," ಎಂದ ಒಮ್ಮೆ. "ಅವ್ರು ಪ್ರೀತಿಯಿಂದ ಎತ್ತುತಾರೆ. ಎಂತ ಹೇಳದು ಹೇಳು?"

ಆ ವರ್ಷ ಅವನಿಗೆ ಹಿಂಬದಿಗೆ ಎರಡು ಪಕ್ಕಚಕ್ರ ಕೂರಿಸಿದ ಸ್ಕೂಟರು ಬಂತು. ಬಂದ ವಾರವೇ ಅವನ ಮನಸ್ಸಿನಲ್ಲಿ ಒಂದೇ ಆಸೆ ಬಲಿಯಿತು. ಮೂಡಿಗೆರೆಯ ತನ್ನ ಅಂಗಡಿಯಿಂದ ಹೊರಟು, ದಾರಿಯುದ್ದಕ್ಕೂ ಯಾರ ಕೈಯೂ ತನ್ನ ಮೈಮೇಲೆ ಬೀಳದೆ, ತಂಗಿಯ ಮನೆಯ ಅಂಗಳದಲ್ಲಿ ತಾನೇ ಗಾಡಿ ನಿಲ್ಲಿಸಬೇಕು.

ಅಂಥ ಸ್ಕೂಟರಿಗೆ ಅದರದೇ ಕಷ್ಟಗಳಿವೆ. ಪಕ್ಕದ ಚಕ್ರಗಳು ಉಬ್ಬಿನ ಮೇಲೆ ನಿಂತರೆ ನಡುವಿನ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಆಮೇಲೆ ಯಾರಾದರೂ ಬಂದು ದೂಡಲೇಬೇಕು. ಕಳಸದ ರಸ್ತೆಯಲ್ಲಿ ಒಂದು ಕಡೆ ಮೋರಿ ಕಿತ್ತು ಉದ್ದಕ್ಕೂ ಜಲ್ಲಿ ಸುರಿದಿದ್ದರು. ಜಲ್ಲಿಯನ್ನು ತಪ್ಪಿಸಿಕೊಂಡು ಹೋಗುವ, ಏರು ಕಡಿದಾಗಿರದ ಒಳದಾರಿ ಬೇಕಾಗಿತ್ತು. ಅದನ್ನು ದಾರಿಯ ಮೇಲೆ ನಿಂತು ಕೇಳುವ ಹಾಗಿರಲಿಲ್ಲ. ಅವನು ಗಾಡಿ ನಿಲ್ಲಿಸಿದ ಕಡೆಯಲ್ಲೆಲ್ಲ ನಾಲ್ಕು ಜನ ಸೇರುತ್ತಿದ್ದರು. ಕಾಲಿಗೆ ಏನಾಯಿತು, ಯಾವ ದೇವರಿಗೆ ಹರಕೆ ಹೊತ್ತಿರಿ ಎಂದು ಕೇಳಿ, ಬೇಡವೆಂದರೂ ಹಿಂದಿನಿಂದ ದೂಡಿ ಬೀಳ್ಕೊಡುತ್ತಿದ್ದರು. ಹಾಗಾಗಿ ಯಾರನ್ನೂ ಕೇಳದೆ ತಲುಪುವ ಉಪಾಯ ಹುಡುಕಿದೆವು.

ನಕ್ಷೆಯ ಮೇಲೆ ಚುಕ್ಕೆ ಇಟ್ಟು ಬೈಕಿನ ದಾರಿ ಎಳೆಯುವ ಒಂದು ಜಾಲತಾಣವನ್ನು ಅವನೇ ಪತ್ತೆ ಮಾಡಿದ. ಒಂದೊಂದು ಚುಕ್ಕೆ ಇಟ್ಟ ಹಾಗೆ ಗೀಟು ಬೆಳೆಯುತ್ತದೆ, ಕೆಳಗೆ ಇನ್ನೊಂದು ಪಟ್ಟಿಯಲ್ಲಿ ಆ ದಾರಿಯ ಏರಿಳಿತ ಗುಡ್ಡದ ಸಾಲಿನ ಹಾಗೆ ಮೂಡುತ್ತದೆ. ಉಪಗ್ರಹದ ಚಿತ್ರವೋ ಚೌಕಚೌಕವಾಗಿ, ಗೋಡೆಗೆ ಇಟ್ಟಿಗೆ ಇಟ್ಟಂತೆ, ತಡೆತಡೆದು ಬರುತ್ತಿತ್ತು. ಮುಕ್ಕಾಲು ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಕಾಫಿ ತೋಟದ ಮೇಲೆ ಸಿಲ್ವರ್ ಓಕಿನ ನೆರಳು ಕವಿದಿರುವುದರಿಂದ ದಾರಿ ಮರೆಯಾಗುವುದು, ಮತ್ತೆ ಕಾಣುವುದು. ಮರೆಯಾದಲ್ಲಿ ಅಂದಾಜಿನ ಚುಕ್ಕೆ.

ಹೀಗೆ ಹುಡುಕುವಾಗ ಒಂದು ಒಳದಾರಿ ಸಿಕ್ಕಿತು. ಜಲ್ಲಿಯ ಮೊದಲೇ ರಸ್ತೆ ಬಿಟ್ಟು, ಎರಡು ತೋಟಗಳ ನಡುವೆ ಹಾದು, ಮೋರಿಯ ಆಚೆಗೆ ಮತ್ತೆ ರಸ್ತೆಗೆ ಸೇರುತ್ತಿತ್ತು. ನಡುವೆ ಒಂದು ಮನೆಯ ಮುಂದೆ ಹದವಾಗಿ ಅಗಲಗೊಂಡಿತ್ತು. ಏರಿಳಿತದ ಪಟ್ಟಿಯಲ್ಲಿ ಅಲ್ಲಿ ಗೀಟು ಮಲಗಿಬಿಟ್ಟಿತ್ತು.

"ನೋಡು," ಎಂದೆ ಹೆಮ್ಮೆಯಿಂದ. "ಇಡೀ ದಾರಿಯಲ್ಲಿ ಇಷ್ಟು ಚೆಂದದ ಜಾಗ ಇನ್ನೊಂದಿಲ್ಲ."

"ಹಿಮಾಲಯಕ್ಕೆ ಹೊರಟವರ ಹಾಗೆ ಆಡ್ತೀಯಲ್ಲ," ಎಂದು ನಕ್ಕ. ಆದರೆ ಮೌಸು ಹಿಡಿದ ಅವನ ಕೈ ಆ ಜಾಗದ ಮೇಲೆ ಇನ್ನೆರಡು ಚುಕ್ಕೆ ಹೆಚ್ಚಾಗಿಯೇ ಇಟ್ಟಿತು.

ಯಂತ್ರವನ್ನು ಗೋಣಿಬೀಡಿನ ಕಡೆಯ ಪರಿಚಯದ ಪ್ಲಾಂಟರೊಬ್ಬರಿಂದ ಕೇಳಿ ತಂದೆ. ತೋಟದ ಎಲ್ಲೆ ಅಳೆಯಲೆಂದು ಅವರು ಕೊಂಡಿದ್ದ, ಅಂಗೈಯಗಲದ ಜಿಪಿಎಸ್. ಎಳೆದ ದಾರಿಯನ್ನು ಫೈಲು ಮಾಡಿ ಇಳಿಸಿ, ತಂತಿ ಸಿಕ್ಕಿಸಿ, ಯಂತ್ರಕ್ಕೆ ಕಳಿಸಿದರೆ ಅದು ಮೊದಲು ಒಪ್ಪಲಿಲ್ಲ. ಚುಕ್ಕೆಗಳು ಹೆಚ್ಚಾದವೆಂದಿತು. ತಿರುವುಗಳ ಚುಕ್ಕೆಗಳನ್ನು ಉಳಿಸಿ ಮಿಕ್ಕವನ್ನು ಅಳಿಸಿ ಮತ್ತೆ ಕಳಿಸಿದೆವು. ಕೊನೆಗೆ ಬೂದುಬಣ್ಣದ ಖಾಲಿ ಪರದೆಯ ಮೇಲೆ ಒಂದು ಕಪ್ಪು ಗೀಟು ಬಂತು. ಊರಿಲ್ಲ, ಹೊಳೆಯಿಲ್ಲ, ಗುಡ್ಡವಿಲ್ಲ. ಗೀಟು ಮಾತ್ರ. ಅವನು ಅದನ್ನು ಸ್ಕೂಟರಿನ ಹ್ಯಾಂಡಲಿಗೆ ಟ್ಯೂಬಿನ ರಬ್ಬರಿನಿಂದ ಬಿಗಿದ.

ಜನವರಿಯ ಒಂದು ಭಾನುವಾರ ಹೊರಟೆವು. ಮುಂದೆ ಅವನು, ಹಿಂದೆ ನನ್ನ ಬೈಕು. ಮಧ್ಯಾಹ್ನದ ಊಟಕ್ಕೆ ಬರುತ್ತೇವೆಂದು ತಂಗಿಗೆ ಹೇಳಿಯಾಗಿತ್ತು. ಕೊಟ್ಟಿಗೆಹಾರದಲ್ಲಿ ಅವನು ನಿಲ್ಲಿಸಲೇ ಇಲ್ಲ; ಟೀ ಅಂಗಡಿಯವರು ತಿರುಗಿ ನೋಡುವಷ್ಟರಲ್ಲಿ ದಾಟಿಬಿಟ್ಟಿದ್ದ. ಒಳದಾರಿಯ ತಿರುವು ಯಂತ್ರ ಹೇಳಿದಲ್ಲಿಯೇ ಇತ್ತು. ಅವನು ಎಡಗೈ ಎತ್ತಿ ನನಗೆ ಸನ್ನೆ ಮಾಡಿದ, ಗೆದ್ದವರ ಹಾಗೆ.

ಆಮೇಲೆ ಆ ಚೆಂದದ ಜಾಗ ಬಂತು. ಅಂಚಿನಿಂದ ಅಂಚಿಗೆ ಕಾಫಿ ಹರಡಿತ್ತು.

ಅದು ಆ ಮನೆಯವರ ಕಣ. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ ಕೆನೆಬಣ್ಣಕ್ಕೆ ಬಿಸಿಲಲ್ಲಿ ಹೊಳೆಯುತ್ತಿತ್ತು. ಕೊಯ್ಲು ಶುರುವಾಗುವ ಮುನ್ನ ಉಪಗ್ರಹ ಆ ನೆಲವನ್ನು ನೋಡಿತ್ತು. ಖಾಲಿ ಕಣವನ್ನು ನಾವು ಅಗಲವಾದ ರಸ್ತೆಯೆಂದು ಓದಿಕೊಂಡಿದ್ದೆವು. ಒಂದು ಬದಿಗೆ ಕಲ್ಲಿನ ಸಣ್ಣ ಕಟ್ಟೆಯಿತ್ತು. ನಡೆದು ಹೋಗುವವರಿಗೆ, ಬೈಕು ತಳ್ಳಿಕೊಂಡು ಹೋಗುವವರಿಗೆ ಅದು ಸಾಕು. ಅವನ ಸ್ಕೂಟರಿಗೆ ಸಾಲದು.

ತುದಿಗೆ ಹಲಗೆ ಹೊಡೆದ ಉದ್ದ ಕೋಲಿನಿಂದ ಕಾಫಿ ತಿರುವುತ್ತಿದ್ದ ಮನೆಯೊಡತಿ ತಲೆಯೆತ್ತಿದರು. ವಯಸ್ಸಾದವರು. ನಾನು ಇಳಿದು ಮುಂದೆ ಹೋದೆ.

"ಅಮ್ಮಾ, ಇದು ಪಂಚಾಯ್ತಿ ದಾರಿ ಅಲ್ವಾ?"

"ಮಳೆಗಾಲದಲ್ಲಿ ಪಂಚಾಯ್ತಿದು," ಎಂದರು ಆಕೆ. "ಈಗ ಕಾಫಿದು."

ಸಾರ್ವಜನಿಕರ ಹಕ್ಕಿನ ಕುರಿತು ನನ್ನ ಬಳಿ ಮಾತು ಸಿದ್ಧವಾಗಿತ್ತು. ಮೊದಲ ವಾಕ್ಯ ಮುಗಿಯುವ ಮುನ್ನವೇ ಹಿಂದಿನಿಂದ ಗೆಳೆಯ, "ಏಯ್, ಪರ ವಿರೋಧ ಆಮೇಲೆ ಇಟ್ಕೋ. ಬೈಕು ಬದಿಗಿಡು ಮೊದ್ಲು," ಎಂದ.

ಆಕೆಯ ಕಣ್ಣು ಪಕ್ಕಚಕ್ರಗಳ ಮೇಲೆ, ಆಮೇಲೆ ಊರುಗೋಲಿನ ಮೇಲೆ ಬಿತ್ತು. ದನಿ ಮೆತ್ತಗಾಯಿತು. "ಅಯ್ಯೋ, ನೀವು ಇಳೀಬೇಡಿ. ನಿಮಗಂದ್ರೆ ಕಾಫಿ ಎಳ್ದು ಒಂದು ಪಟ್ಟೆ ದಾರಿ ಬಿಡಿಸಿಕೊಡ್ತೀವಿ. ಎಷ್ಟೊತ್ತಿನ ಕೆಲ್ಸ!"

"ಬೇರೆಯವ್ರು ಬಂದ್ರೂ ಬಿಡಿಸಿಕೊಡ್ತೀರಾ?" ಎಂದು ಗೆಳೆಯ ಕೇಳಿದ.

"ಬೇರೆಯವ್ರಿಗೆಂತಕ್ಕೆ? ಜೀಪು, ಹಾಲಿನ ಗಾಡಿ ಎಲ್ಲ ಸಂಜೆ ಬೈಗಿಗೇ ಬರ್ತವೆ. ಇಬ್ಬನಿ ಬೀಳದ್ರೊಳಗೆ ರಾಶಿ ಮಾಡಿ ಟಾರ್ಪಾಲು ಹೊದಿಸ್ತೀವಲ್ಲ, ಆಮೇಲೆ ದಾರಿ. ಈ ಕಡೆಯವ್ರಿಗೆಲ್ಲ ಗೊತ್ತುಂಟು."

"ಹಾಗಾದ್ರೆ ನಂದೂ ಬೈಗಿಗೇ," ಎಂದು ಅವನು ಎಂಜಿನ್ ಆರಿಸಿದ.

ಆಕೆ ನನ್ನ ಮುಖ ನೋಡಿದರು. ನಾನು ಬೈಕನ್ನು ಬದಿಗೆ ತಳ್ಳಿ ನಿಲ್ಲಿಸಿದೆ. ಒಳಗಿನಿಂದ ಬಂದ ಆಕೆಯ ಯಜಮಾನರು ಮನೆಯ ಫೋನು ತೋರಿಸಿದರು. ಅವನು ನಿಧಾನವಾಗಿ ಊರುಗೋಲಿನ ಮೇಲೆ ಕಟ್ಟೆಯ ಬದಿಯಿಂದ ಜಗಲಿಗೆ ನಡೆದ. ಜಗಲಿಗೆ ಮೆಟ್ಟಿಲಿರಲಿಲ್ಲ, ಕಣದ ಮಟ್ಟಕ್ಕೇ ಇತ್ತು. ತಂಗಿಗೆ ಫೋನು ಮಾಡಿ ತಡವಾಗುತ್ತದೆಂದ. ಅತ್ತ ಕಡೆಯಿಂದ ತಂಗಿಯ ಗಂಡನ ದೊಡ್ಡ ದನಿ ನನಗೂ ಕೇಳಿಸಿತು. "ಅಲ್ಲೇ ಇರಿ ಭಾವ, ಈಗ್ಲೇ ಜೀಪು ತರ್ತೀನಿ. ಸ್ಕೂಟರು ನಾಳೆ ತರಿಸಿದ್ರಾಯ್ತು."

ಜೀಪು ಬಂದರೆ ಬೈಗಿನವರೆಗೆ ಕಾಯುವುದು ತಪ್ಪುತ್ತಿತ್ತು. ನಾನು ತಲೆಯಾಡಿಸಿದೆ, ಒಪ್ಪಿಕೋ ಎಂಬಂತೆ. ಅವನು ನನ್ನ ಕಡೆ ನೋಡುತ್ತಲೇ ಫೋನಿಗೆ, "ಜೀಪು ತಂದ್ರೆ ನಾನು ಇಲ್ಲೇ ಉಳ್ಕೊಳ್ತೀನಿ. ಇವ್ರ ಮನೆ ಅಕ್ಕಿ ರೊಟ್ಟಿ ಪರಿಮಳ ಬರ್ತಾ ಉಂಟು," ಎಂದು ಇಟ್ಟುಬಿಟ್ಟ.

ರೊಟ್ಟಿ ಕೊಟ್ಟರು, ಕಾಫಿಯನ್ನೂ ಕೊಟ್ಟರು. ಮಧ್ಯಾಹ್ನವಿಡೀ ಅವನು ಜಗಲಿಯ ಕಂಬಕ್ಕೆ ಒರಗಿ ಕುಳಿತ. ಯಜಮಾನರಿಗೆ ಯಂತ್ರದ ಮೇಲೆ ಆಸೆಯಾಯಿತು. ಕನ್ನಡಕ ಏರಿಸಿ ಪರದೆಯನ್ನು ದಿಟ್ಟಿಸಿದರು.

"ಇದ್ರಲ್ಲಿ ನಮ್ಮ ಮನೆ ಎಲ್ಲಿ?"

"ಮನೆ ಇಲ್ಲ ಯಜಮಾನ್ರೇ, ದಾರಿ ಮಾತ್ರ," ಎಂದ ಗೆಳೆಯ.

"ಮನೆ ಇಲ್ದೆ ದಾರಿ ಯಾರಿಗೆ ಮಾರಾಯ್ರೇ?" ಎಂದು ಅವರು ಯಂತ್ರ ಹಿಂದಕ್ಕೆ ಕೊಟ್ಟರು. ಇಬ್ಬರೂ ಜೋರಾಗಿ ನಕ್ಕರು. ಆಮೇಲೆ ಇಬ್ಬರೂ ಮೆಣಸಿನ ಬಳ್ಳಿಯ ರೋಗದ ಬಗ್ಗೆ ಮಾತಿಗಿಳಿದರು. ಅವನ ಕಾಲಿನ ಬಗ್ಗೆ ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಬೈಗಿನವರೆಗೆ ಕಾಯುವವನು ಅವರ ಲೆಕ್ಕದಲ್ಲಿ ಕಾಯುವವನು, ಅಷ್ಟೆ.

ಅಂದು ಜಗಲಿಯಲ್ಲಿ ಕುಳಿತು ನಾನು ಬಹಳ ಯೋಚಿಸಿದೆ. ನ್ಯಾಯವೆಂದರೆ ಅವನ ಮುಂದಿನ ಅಡ್ಡಿಯೆಲ್ಲ ತೆರವಾಗುವುದು ಎಂದು ನಾನು ತಿಳಿದಿದ್ದೆ. ಮೆಟ್ಟಿಲಿನ ವಿಷಯದಲ್ಲಿ ಅದು ಸರಿ. ಮೆಟ್ಟಿಲು ಅವನೊಬ್ಬನನ್ನೇ ತಡೆಯುತ್ತದೆ. ಈ ಕಾಫಿ ಹಾಗಲ್ಲ. ಅದು ಹಾಲಿನವನನ್ನೂ ಜೀಪಿನವನನ್ನೂ ತಡೆಯುತ್ತಿತ್ತು. ಎಲ್ಲರನ್ನೂ ತಡೆಯುವುದರ ಮುಂದೆ ಎಲ್ಲರಂತೆ ನಿಲ್ಲುವ ಅವಕಾಶ ಅವನಿಗೆ ಅದುವರೆಗೆ ಎಷ್ಟು ಸಲ ಸಿಕ್ಕಿತ್ತೋ ನಾನರಿಯೆ. ಪಟ್ಟೆ ಬಿಡಿಸುವ ಆ ತಾಯಿಯ ಕರುಣೆಯಲ್ಲಿ ದೋಷವೇನೂ ಇರಲಿಲ್ಲ. ಅವನಿಗೆ ಬೇಕಾದದ್ದು ಅದಕ್ಕಿಂತ ಸಣ್ಣದು.

ಬಿಸಿಲು ಬಾಗಿತು. ಮನೆಯವರು ಕಾಫಿಯನ್ನು ನಡುವಿಗೆ ಎಳೆದು ರಾಶಿ ಹಾಕತೊಡಗಿದರು. ನಾನೂ ಒಂದು ಕೋಲು ಹಿಡಿದೆ. ನಾನು ಎಳೆದ ಗೆರೆಗಳನ್ನು ಆಕೆ ಹಿಂದಿನಿಂದ ಬಂದು ಸರಿಮಾಡುತ್ತಿದ್ದರು. ಅಷ್ಟರಲ್ಲಿ ಹಾಲಿನ ಗಾಡಿ ಬಂದು ನಿಂತಿತು. ಅದರ ಹಿಂದೆ ಒಂದು ಜೀಪು. ರಾಶಿಯ ಮೇಲೆ ಟಾರ್ಪಾಲು ಬಿತ್ತು. ಎರಡೂ ಬದಿಗೆ ದಾರಿ ತೆರೆದುಕೊಂಡಿತು.

ಹಾಲಿನ ಗಾಡಿಯವನು ಸ್ಕೂಟರಿನತ್ತ ನೋಡಿ, ಹಿಂದಿನ ಜೀಪಿನವನಿಗೆ ಕೂಗಿ ಹೇಳಿದ. "ಪಾಪ, ಅವ್ರು ಮೊದ್ಲು ಹೋಗ್ಲಿ ಬಿಡೋ."

ಗೆಳೆಯ ಆಗಲೇ ಸೀಟಿನ ಮೇಲೆ ಕುಳಿತಿದ್ದ. "ಪಾಪ ಎಂತಕ್ಕೆ?" ಎಂದು ತಿರುಗಿ ಕೂಗಿದ. "ಬೆಳಿಗ್ಗೆಯಿಂದ ಕಾದು ಕೂತಿದೀನಿ. ಸಾಲಲ್ಲಿ ನಾನೇ ಮೊದ್ಲು!"

"ಹೌದಾ? ಹಾಗಾದ್ರೆ ಬೇಗ ಹೋಗಿ ಮಾರಾಯ್ರೆ, ಹಾಲು ಒಡೀತದೆ!" ಎಂದು ಹಾಲಿನವನು ಹಾರನ್ ಬಾರಿಸಿದ.

ಯಾರೂ ದೂಡಲಿಲ್ಲ. ಸ್ಕೂಟರು ರಾಶಿಯನ್ನು ಬಳಸಿ, ಸಗಣಿ ಸಾರಿಸಿದ ನೆಲದ ಮೇಲೆ ಕುಲುಕದೆ ಉರುಳಿ, ಆಚೆಯ ತಿರುವು ಹತ್ತಿತು. ಹಾಲಿನ ಗಾಡಿ, ಜೀಪು ಎರಡನ್ನೂ ಬಿಟ್ಟು ನಾನು ಕೊನೆಯಲ್ಲಿ ಹೋದೆ.

ಕಳಸದಾಚೆಯ ಆ ಮನೆ ತಲುಪಿದಾಗ ದೀಪ ಹಚ್ಚಿದ್ದರು. ತಂಗಿಯ ಗಂಡ ಗೇಟಿನವರೆಗೂ ಓಡಿಬಂದು, ರೂಢಿಯಂತೆ ಎರಡೂ ಕೈ ಮುಂದೆ ಚಾಚಿದರು. ಅವನು ಅಂಗಳದ ನಡುವಿನವರೆಗೂ ಗಾಡಿ ತಂದು ನಿಲ್ಲಿಸಿ, ಊರುಗೋಲು ತೆಗೆದುಕೊಂಡು ಇಳಿದಾಗಿತ್ತು. ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತೋಚದೆ ಅವರು ನನ್ನ ಬೈಕಿನಿಂದ ಚೀಲ ಇಳಿಸಿಕೊಂಡರು.

ತಂಗಿ ಬಾಗಿಲಲ್ಲಿ ಸಿಟ್ಟಿನಿಂದ ನಿಂತಿದ್ದಳು. "ಫೋನಲ್ಲಿ ತಡ ಅಂದ್ಯಲ್ಲ, ಇಷ್ಟೊಂದಾ ಅಣ್ಣ? ಎಂತ ಆಯ್ತು ದಾರಿಲಿ?"

"ಕಣದಲ್ಲಿ ಕಾಫಿ ಇತ್ತು," ಎಂದ.

"ಓ," ಎಂದಳು ಅವಳು. ಬೇರೇನೂ ಕೇಳದೆ ಎಲೆ ಹಾಕಲು ಒಳಗೆ ಹೋದಳು.