ದಾವಣಗೆರೆಯಲ್ಲಿ ಬಿಟ್ಟು ಹರಿಹರಕ್ಕೆ ಸೇರದ ಹೆಸರು

ಹರಿಹರ ಶಾಖೆಯ ಸೂಪರ್‌ವೈಸರ್ ಫೋನ್ ಮಾಡಿದಾಗ ನಾನು ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದೆ.

"ಮೇಡಂ, ಹೊಸ ಆಯಾ ಬಂದು ಒಂಬತ್ತು ದಿನ ಆತು. ಇನ್ನೂ ಟೆಂಪರರಿ ಅಂತಾನೇ ತೋರಿಸ್ತೈತೆ. ಸ್ವಲ್ಪ ಪಕ್ಕಾ ಮಾಡಿಕೊಡ್ರಿ."

ಯಾರ ಜಾಗಕ್ಕೆ ಬಂದಿರೋದು ಅಂತ ಕೇಳಿದೆ.

"ಹದಡಿ ಆಯಮ್ಮ ಬಿಟ್ಟು ಹೋದ್ರಲ್ಲ, ಅವರ ಜಾಗಕ್ಕೆ. ನಿಮ್ಮ ಕಂಪ್ಯೂಟರೇ ಖಾಲಿ ಅಂತ ಲಿಸ್ಟ್ ಕಳಿಸಿತ್ತಲ್ಲ ಮೇಡಂ."

ಹದಡಿ ಆಯಮ್ಮ ಕೆಲಸ ಬಿಡುವ ಹೆಂಗಸಲ್ಲ. ಗಂಡ ಇಲ್ಲ, ಮಗಳ ಹೆರಿಗೆ ಎದುರಿಗಿದೆ, ಆ ಮನೆಗೆ ಬರುವುದು ಇವರೊಬ್ಬರ ಸಂಬಳ. ಜ್ವರ ಬಂದರೂ ಪೊರಕೆ ಹಿಡಿದುಕೊಂಡೇ ಕೆಮ್ಮುತ್ತಿದ್ದವರು. ದಾವಣಗೆರೆಯ ನಮ್ಮ ಆಸ್ಪತ್ರೆಯಲ್ಲಿ ಮೂರನೇ ಮಹಡಿ ಒರೆಸುತ್ತಿದ್ದುದು ಅವರೇ. ನಮ್ಮ ಕಂಪ್ಯೂಟರ್ ವಿಭಾಗ ಇರುವುದೂ ಅಲ್ಲೇ. ಸರ್ವರ್ ಹಿಂದೆ ಬೆಚ್ಚಗಿರುತ್ತದೆ ಅಂತ ತಮ್ಮ ಊಟದ ಡಬ್ಬಿ ಅಲ್ಲಿ ತಂದಿಡುವರು. ನಾನು ಬೈದರೆ, "ನಿಮ್ ಮಿಷನ್ನಿಗೆ ಒಂದ್ ರೊಟ್ಟಿ ಭಾರ ಆಗ್ತೈತೇನ್ ಬಿಡವ್ವಾ" ಅಂತ ನಗುವರು.

ಫೋನ್ ಇಟ್ಟು ಲಾಗ್ ತೆರೆದೆ. ಲಾಗ್ ಅಂದರೆ ನನ್ನ ಪ್ರೋಗ್ರಾಂ ಏನೇನು ಮಾಡಿತು ಅಂತ ತಾನೇ ಬರೆದಿಟ್ಟುಕೊಳ್ಳುವ ದಿನಚರಿ. ಅದನ್ನು ಮೊದಲಿಂದ ಕೊನೆಯವರೆಗೂ ಎರಡು ಸಲ ಓದಿದೆ.

ಇಲ್ಲಿ ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಭಾನುವಳ್ಳಿಯವಳು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು. ಹರಿಹರದ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದವಳು. ಮೂರು ಜನಕ್ಕೆ ಒಂದು ಕಂಪ್ಯೂಟರ್ ಇದ್ದ ಲ್ಯಾಬಿನಲ್ಲಿ, ಮಿಕ್ಕಿಬ್ಬರು ಚಹಾ ಕುಡಿಯಲು ಹೋದಾಗ ಜಾವಾ ಕಲಿತವಳು. ಅದು ನನಗೆ ಹೆಮ್ಮೆ. ಮುಚ್ಚಿಡುವಂಥದ್ದೇನಿಲ್ಲ. ಸರಸ್ವತಿ ನಗರದ ಬಾಡಿಗೆ ರೂಮಿನ ಗೋಡೆ ಮೇಲೆ ದೇವರ ಪಟದ ಪಕ್ಕ ಡಿಗ್ರಿ ಸರ್ಟಿಫಿಕೇಟನ್ನೂ ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಈ ಪ್ರೋಗ್ರಾಂ ಬರೆದು ಮುಗಿಸಿದ ದಿನ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದ್ದೆ, "ಇಡೀ ಆಸ್ಪತ್ರೆ ಜನರ ಹೆಸರು ನನ್ನ ಕೈಯಾಗೈತಪ್ಪಾ."

ನಿಜವಾಗಿಯೂ ಇತ್ತು. ನಮ್ಮಲ್ಲಿ ಡೈರೆಕ್ಟರಿ ಸರ್ವರ್ ಅಂತ ಒಂದಿದೆ. ಯಾರು ನಮ್ಮವರು, ಎಲ್ಲಿ ಕೆಲಸ, ಯಾವ ಪಾಳಿ, ಎಲ್ಲ ಅದರೊಳಗೆ. ಬಾಗಿಲಲ್ಲಿ ಹೆಬ್ಬೆಟ್ಟು ಒತ್ತಿದರೆ ಮಷೀನು ಹೋಗಿ ಅದನ್ನೇ ಕೇಳುತ್ತದೆ. ಅದು ಹೌದು ಅಂದರೆ ಹಸಿರು ದೀಪ, ಇಲ್ಲ ಅಂದರೆ ಕೆಂಪು.

ಹರಿಹರದಲ್ಲಿ ಹೊಸ ಶಾಖೆ ತೆರೆದಾಗ ಇಲ್ಲಿಂದ ಹನ್ನೆರಡು ಆಯಾಗಳನ್ನು ಅಲ್ಲಿಗೆ ಹಾಕಿದರು. ಪಟ್ಟಿ ಬದಲಾಯಿಸುವುದು ನನ್ನ ಕೆಲಸ. ಒಬ್ಬೊಬ್ಬರಿಗೆ ಮೂರು ಬರಹ: ದಾವಣಗೆರೆ ಪಟ್ಟಿಯಿಂದ ಹೆಸರು ತೆಗೆಯುವುದು, ಹರಿಹರದ ಪಟ್ಟಿಗೆ ಹಾಕುವುದು, ಅವರ ಪಾಳಿ ತಿದ್ದುವುದು. ನಾನು ಇದೇ ಕ್ರಮದಲ್ಲಿ ಬರೆದೆ. ಯಾಕೆ ಅಂದರೆ ನಮ್ಮ ಆಫೀಸುಗಳಲ್ಲಿ ವರ್ಗಾವಣೆ ನಡೆಯುವುದೇ ಹಾಗೆ. ಮೊದಲು ಹಳೇ ಕಡೆ ರಿಲೀವ್ ಮಾಡುತ್ತಾರೆ, ಆಮೇಲೆ ಹೊಸ ಕಡೆ ಹೋಗಿ ರಿಪೋರ್ಟ್ ಮಾಡಿಕೊಳ್ಳಬೇಕು. ರಿಲೀವ್ ಆಗದವರನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. ರಿಲೀವ್ ಆದವರು ಸೇರಿಯೇ ಸೇರುತ್ತಾರೆ, ಮತ್ತೆಲ್ಲಿಗೆ ಹೋಗುತ್ತಾರೆ? ಪ್ರೋಗ್ರಾಮಿನೊಳಗೂ ಅದೇ ನಂಬಿಕೆ ಇಟ್ಟೆ. ಮಧ್ಯೆ ನಿಂತು ಮತ್ತೆ ಓಡಿಸಬೇಕಾಗಿ ಬಂದರೆ, ದಾವಣಗೆರೆ ಪಟ್ಟಿಯಲ್ಲಿ ಇಲ್ಲದವರ ಕೆಲಸ ಮುಗಿದಿದೆ, ಅವರನ್ನು ಬಿಟ್ಟು ಮುಂದೆ ಹೋಗು ಅಂತ ಒಂದು ಸಾಲು ಬರೆದಿದ್ದೆ.

ಅವತ್ತು ಏಳನೆಯವರ ಸರದಿಯಲ್ಲಿ ಕರೆಂಟ್ ಹೋಯಿತು. ಜನರೇಟರ್ ಹಿಡಿಯುವಷ್ಟರಲ್ಲಿ ನೆಟ್‌ವರ್ಕ್ ಕಡಿಯಿತು. ಏಳನೆಯವರ ಮೊದಲ ಬರಹ ಆಗಿತ್ತು, ಮಿಕ್ಕೆರಡು ಆಗಿರಲಿಲ್ಲ. ನಾನು ಮತ್ತೆ ಓಡಿಸಿದೆ. ಪ್ರೋಗ್ರಾಂ ಅವರ ಹೆಸರು ದಾವಣಗೆರೆ ಪಟ್ಟಿಯಲ್ಲಿ ಇಲ್ಲದ್ದು ನೋಡಿ, ಮುಗಿದಿದೆ ಅಂದುಕೊಂಡು, ಎಂಟನೆಯವರಿಗೆ ಹೋಯಿತು. ಕೊನೆಗೆ ಎಲ್ಲಾ ಆಯಿತು ಅಂತ ತೋರಿಸಿತು. ನಾನು ನಮ್ಮ ವಿಭಾಗದ ಇನ್‌ಚಾರ್ಜ್ ಹತ್ತಿರ ಹೋಗಿ "ಹನ್ನೆರಡೂ ಆಯ್ತು ಸಾರ್" ಅಂದೆ. ಅವರು "ಭೇಷ್" ಅಂದರು.

ಏಳನೆಯವರು ಹದಡಿ ಆಯಮ್ಮ.

ಇನ್ನೂ ಒಂದಿತ್ತು. ಯಾವ ಪಟ್ಟಿಯಲ್ಲೂ ಇಲ್ಲದ ಹೆಸರಿಗೆ ಸಂಜೆ ಹೊತ್ತಿಗೆ ಬೀಗ ಹಾಕಿ, ಆ ಜಾಗ ಖಾಲಿ ಅಂತ ಆಯಾಗಳನ್ನು ಕಳಿಸುವ ಕಂಟ್ರಾಕ್ಟರಿಗೆ ತಿಳಿಸುವ ಇನ್ನೊಂದು ಪ್ರೋಗ್ರಾಂ. ಅದೂ ನನ್ನದೇ. ಅದಕ್ಕೂ ನನಗೆ ಭೇಷ್ ಸಿಕ್ಕಿತ್ತು. ಆಯಮ್ಮನನ್ನು ಯಾರೂ ಕೆಲಸದಿಂದ ತೆಗೆದಿರಲಿಲ್ಲ. ಒಬ್ಬ ಮನುಷ್ಯನೂ ಆ ಮಾತು ಆಡಿರಲಿಲ್ಲ. ನಾನು ಬರೆದ ಸಾಲುಗಳೇ ಒಂದರ ಕೈಗೆ ಇನ್ನೊಂದು ಕೊಟ್ಟು ಅವರನ್ನು ಹೊರಗೆ ಹಾಕಿದ್ದವು.

ಅವರ ಫೋನ್ ಹತ್ತಲಿಲ್ಲ. ಅರ್ಧ ದಿನ ರಜೆ ಬರೆದುಕೊಟ್ಟು ಹದಡಿ ಬಸ್ ಹತ್ತಿದೆ.

ಮನೆ ಮುಂದೆ ಗೋಣಿಚೀಲ ಹಾಸಿಕೊಂಡು ಮೆಕ್ಕೆಜೋಳ ಬಿಡಿಸುತ್ತಿದ್ದರು. ಮಗಳು ಹೊಟ್ಟೆ ಹೊತ್ತು ಗೋಡೆಗೆ ಒರಗಿದ್ದಳು. ನನ್ನನ್ನು ಕಂಡ ಕೂಡಲೇ ಆಯಮ್ಮ ಎದ್ದು ಸೆರಗು ಸರಿಮಾಡಿಕೊಂಡರು.

"ಬರ್ರಿ ಮೇಡಮ್ಮಾರೆ, ಕೂಡ್ರಿ. ಏನು ಈ ಕಡೆ?"

"ಯಾಕ ಬರ್ಲಿಲ್ಲ ಆಯಮ್ಮ ನೀವು?"

"ಬಂದಿದ್ನಲ್ಲವ್ವಾ. ಎರಡು ಬಸ್ ಹಿಡ್ಕಂಡು ಹರಿಹರಕ್ಕೆ ಹೋದ್ರೆ ಮಿಷನ್ನು ಕೆಂಪಾತು. ಅಲ್ಲಿ ವಾಚ್‌ಮನ್ನು, ನಿನ್ನೆಸ್ರು ದಾವಣಗೆರಿಯಾಗೈತೆ ಹೋಗು ಅಂದ. ದಾವಣಗೆರಿಗೆ ಬಂದ್ರೆ ಅಲ್ಲೂ ಕೆಂಪು. ಅಲ್ಲಿಯವನು, ನೀನು ಹರಿಹರಕ್ಕೆ ಹೋದಾಕಿ ಅಂದ. ಆತು ಬಿಡು, ಎರಡೂ ಕಡೆ ಬ್ಯಾಡಾದೆ ಅಂತ ಮನಿಗೆ ಬಂದೆ."

"ಮೇಲೆ ಬಂದು ನನ್ನ ಕೇಳಬಾರದಾಗಿತ್ತಾ?"

"ಹೆಂಗ್ ಬರ್ಲಿ? ಬಾಗಿಲೇ ಬಿಡ್ಲಿಲ್ಲಲ್ಲ." ಜೋಳದ ತೆನೆಗಳನ್ನು ಪಕ್ಕಕ್ಕೆ ಸರಿಸುತ್ತಾ ಹೇಳಿದರು. "ಮತ್ತೆ ನಿಮಗೆ ಗೊತ್ತಿದ್ದೇ ಇರ್ತೈತೆ ಅಂದ್ಕಂಡೆ. ಕಂಪ್ಯೂಟರ್ನಾಗೆ ಇರೋರು ನೀವು. ಫೋನ್ ಮಾಡಿದ್ರೆ ನಿಮಗೆ ಮುಜುಗರ ಆಗ್ತೈತೆ. ಬ್ಯಾಡ ಅಂತ ಸುಮ್ನಾದೆ."

ನಾನು ಏನೋ ಹೇಳಲು ಹೋದೆ. ಅವರು ಬಿಡಲಿಲ್ಲ.

"ತಪ್ಪು ನಂದೇ ಐತೆ ಮೇಡಮ್ಮಾರೆ. ಹರಿಹರಕ್ಕೆ ಹಾಕೋ ಹಿಂದಿನ ವಾರ ಲಿಫ್ಟ್ ಮುಂದೆ ಬಕೀಟು ಚೆಲ್ಲಿದ್ದೆ. ದೊಡ್ಡ ಡಾಕ್ಟ್ರು ನೋಡ್ಕಂಡು ಹೋದ್ರು. ಆವತ್ತೇ ಅಂದ್ಕಂಡೆ, ಇದು ಒಳ್ಳೇದಲ್ಲ ಅಂತ."

ಒಂಬತ್ತು ದಿನ ಈ ಹೆಂಗಸು ಕೂತು ತನ್ನ ತಪ್ಪು ಹುಡುಕಿದ್ದರು. ಹುಡುಕಿ ಒಂದು ಬಕೀಟು ನೀರು ತಂದು ನನ್ನ ಮುಂದೆ ಇಟ್ಟಿದ್ದರು. ನನ್ನ ಪ್ರೋಗ್ರಾಂ ತಪ್ಪಿರಬಹುದು ಅನ್ನುವುದು ಅವರ ತಲೆಗೇ ಬಂದಿರಲಿಲ್ಲ. ನನ್ನ ಡಿಗ್ರಿಯನ್ನು ನನಗಿಂತ ಹೆಚ್ಚು ನಂಬಿದ್ದರು.

ನನ್ನ ತಪ್ಪು ಅಂತ, ಪಟ್ಟಿಯಲ್ಲಿ ನಡೆದದ್ದೆಲ್ಲ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಮಗಳಿಗೆ ಆಯಿತು. "ಅಂದ್ರೆ ನಮ್ಮವ್ವನ ಹೆಸರು ಒಂದ್ ಕಡಿಂದ ಕಿತ್ತು ಇನ್ನೊಂದ್ ಕಡೆ ಹಾಕದಂಗೆ ನೀವು ಮಧ್ಯದಾಗೆ ಬಿಟ್ರಿ. ಓದಿದೋರು ಮಾಡೋ ಕೆಲ್ಸಾನೇನ್ರಿ ಇದು?" ಅಂದಳು. "ಏಯ್, ಸುಮ್ಕಿರೆ" ಅಂತ ಆಯಮ್ಮ ಗದರಿದರು. ಗದರುವಂಥದ್ದೇನೂ ಅವಳು ಹೇಳಿರಲಿಲ್ಲ.

ಮರುದಿನ ಇನ್‌ಚಾರ್ಜ್ ಎದುರು ಎಲ್ಲ ಒಪ್ಪಿಕೊಂಡೆ. "ಕರೆಂಟ್ ತೊಂದರೆಯಿಂದ ಅಂತ ಬರೀರಿ ಮೇಡಂ. ಸುಳ್ಳೇನಲ್ಲವಲ್ಲ" ಅಂದರು.

"ಕರೆಂಟ್ ದಿನಾ ಹೋಗುತ್ತೆ ಸಾರ್. ಅದು ಹೋಗುತ್ತೆ ಅಂತ ಗೊತ್ತಿದ್ದೂ ನಾನು ಹಂಗೆ ಬರೆದೆ."

"ಹಟ ಬ್ಯಾಡ್ರಿ. ನಿಮ್ಮ ಹೆಸರಿಗೆ ಕಪ್ಪು ಬೀಳುತ್ತೆ."

ಪ್ರೋಗ್ರಾಂ ತಪ್ಪು, ಬರೆದವಳು ನಾನು ಅಂತಲೇ ಬರೆದು ಸಹಿ ಹಾಕಿ ಮೇಲಕ್ಕೆ ಕಳಿಸಿದೆ. ಆಯಮ್ಮ ಬಿಟ್ಟುಹೋದವರಲ್ಲ ಅಂತ ಸಾಬೀತಾಗಲು ಆ ಕಾಗದವೇ ಬೇಕಿತ್ತು. ಇಲ್ಲದಿದ್ದರೆ ಕಂಟ್ರಾಕ್ಟರ್ ಒಪ್ಪುತ್ತಿರಲಿಲ್ಲ.

ಆಮೇಲೆ ಕೂತು ಸರ್ವರಿನ ಕೈಪಿಡಿ ಓದಿದೆ. ಮೊದಲೇ ಓದಬೇಕಾಗಿತ್ತು. ಟ್ರಾನ್ಸಾಕ್ಷನ್ ಅಂತ ಅದರಲ್ಲೇ ಇತ್ತು. ಒಂದು ಬರಹ ಅರ್ಧಕ್ಕೆ ನಿಲ್ಲದಂತೆ ಸರ್ವರ್ ತಾನೇ ನೋಡಿಕೊಳ್ಳುತ್ತದೆ. ಆದರೆ ನನ್ನ ಮೂರು ಬರಹ ಒಂದೇ ಕೆಲಸ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ನಾವು ಹೇಳಬೇಕು. ಮೊದಲು ಸರ್ವರಿನಿಂದ ಒಂದು ಗುರುತಿನ ಚೀಟಿ ಕೇಳಿ ತೆಗೆದುಕೊಳ್ಳಬೇಕು. ಮೂರೂ ಬರಹಕ್ಕೆ ಆ ಚೀಟಿ ಅಂಟಿಸಿ ಕಳಿಸಬೇಕು. ಸರ್ವರ್ ಅವನ್ನು ಕೈಯಲ್ಲಿ ಹಿಡಿದುಕೊಂಡು ಕಾಯುತ್ತದೆ, ಏನೂ ಮಾಡುವುದಿಲ್ಲ. ಕೊನೆಗೆ ಮುಗಿಸು ಅಂದಾಗ ಮೂರನ್ನೂ ಒಟ್ಟಿಗೆ ಮಾಡುತ್ತದೆ. ಆ ಮಾತು ತಲುಪುವ ಮುಂಚೆ ತಂತಿ ಕಡಿದರೆ ಮೂರನ್ನೂ ಬಿಸಾಕುತ್ತದೆ. ಹೆಸರು ಇದ್ದಲ್ಲೇ ಇರುತ್ತದೆ. ಜಾವಾದಲ್ಲಿ ಬರೆದರೆ ಒಂದು ಪುಟವೂ ಆಗಲಿಲ್ಲ. ಒಂದು ಪುಟ! ಅಷ್ಟಕ್ಕೆ ಒಂದು ಮನೆಯ ಒಲೆ ಆರುವುದರಲ್ಲಿತ್ತು.

ಬಿಟ್ಟು ಮುಂದೆ ಹೋಗು ಅನ್ನುವ ಆ ಸಾಲನ್ನು ಅಳಿಸಿದೆ. ಪಕ್ಕದ ಟೇಬಲ್ಲಿನಲ್ಲಿ ಪರೀಕ್ಷೆಗೆ ಅಂತ ಇನ್ನೊಂದು ಸರ್ವರ್ ಇಟ್ಟುಕೊಂಡು, ಸುಳ್ಳು ಹೆಸರು ತುಂಬಿ, ಪ್ರೋಗ್ರಾಂ ಓಡುತ್ತಿರುವಾಗ ನೆಟ್‌ವರ್ಕ್ ತಂತಿಯನ್ನು ಕೈಯಿಂದಲೇ ಕಿತ್ತೆ. ಒಮ್ಮೆ ಮೊದಲ ಬರಹ ಕಳಿಸಿದಮೇಲೆ, ಒಮ್ಮೆ ಎರಡನೆಯದು ಕಳಿಸಿದಮೇಲೆ, ಒಮ್ಮೆ ಮೂರೂ ಕಳಿಸಿ ಮುಗಿಸು ಅನ್ನುವ ಮುಂಚೆ. ಸಾಕೆನಿಸುವವರೆಗೂ ಕಿತ್ತೆ. ಒಂದು ಹೆಸರೂ ಮಧ್ಯದಲ್ಲಿ ಉಳಿಯಲಿಲ್ಲ.

ಎರಡು ದಿನಕ್ಕೆ ಮೇಲಿನಿಂದ ಆದೇಶ ಬಂತು. ಹಳೇ ಆಯಾಳನ್ನು ಹರಿಹರಕ್ಕೆ ಸೇರಿಸಿಕೊಳ್ಳುವುದು. ಅವರ ಬದಲಿಗೆ ಬಂದವಳನ್ನು ತೆಗೆಯುವುದು.

ಎರಡನೇ ಸಾಲು ಓದಿದವಳೇ ಇನ್‌ಚಾರ್ಜ್ ಹತ್ತಿರ ಓಡಿದೆ. "ಇಬ್ಬರನ್ನೂ ಇಟ್ಕೊಳ್ಳೋಕೆ ಆಗಲ್ವಾ ಸಾರ್?"

"ಜಾಗ ಇರೋದು ಹನ್ನೆರಡು ಮೇಡಂ. ಹದಿಮೂರನೇದು ನೀವು ಎಲ್ಲಿಂದ ತರ್ತೀರಿ?"

ಬೇರೆ ಎಲ್ಲಾದರೂ ಖಾಲಿ ಇದ್ದರೆ ಅವಳನ್ನು ಹಾಕಿ ಅಂತ ಬೇಡಿದೆ. ನೋಡೋಣ ಅಂದರು. ಹಾಗೆ ಅಂದರೆ ಏನು ಅಂತ ನನಗೆ ಗೊತ್ತು. ವಾಪಸ್ ಬಂದು ಕೂತೆ. ಒಂದು ಹೆಸರು ತೆಗೆಯುವುದು, ಒಂದು ಹಾಕುವುದು. ಎರಡಕ್ಕೂ ಒಂದೇ ಚೀಟಿ. ನನ್ನ ಹೊಸ ಪ್ರೋಗ್ರಾಂ ನಿಜವಾದ ಜನರ ಮೇಲೆ ಓಡಿದ ಮೊದಲ ಸಲ ಅದು. ಎಲ್ಲೂ ತಡವರಿಸಲಿಲ್ಲ. ಎರಡೂ ಒಂದೇ ಏಟಿಗೆ ಆದವು.

ಮರುದಿನ ಬೆಳಗ್ಗೆ ನಾನೇ ಹರಿಹರಕ್ಕೆ ಹೋದೆ, ಆಯಮ್ಮನ ಹೆಬ್ಬೆಟ್ಟಿಗೆ ಹಸಿರು ಬರುವುದನ್ನು ಕಣ್ಣಾರೆ ನೋಡಬೇಕಿತ್ತು. ಬಂದರು. ಒತ್ತಿದರು. ಹಸಿರಾಯಿತು. ಆದರೆ ಒಳಗೆ ಹೋಗದೆ ನನ್ನ ಕಡೆ ತಿರುಗಿದರು.

"ಇಷ್ಟ್ ದಿನ ನನ್ ಕೆಲ್ಸ ಯಾರು ಮಾಡಿದ್ರವ್ವಾ?"

"ಒಬ್ಬಾಕಿ ಹುಡುಗಿ ಇದ್ಲು ಆಯಮ್ಮ."

"ಆಕಿ ಎಲ್ಲಿ ಹೋದ್ಲು?"

"ತೆಗೆದ್ವಿ."

"ಆಕಿಗೆ ಹೇಳಿದ್ರಾ?"

ಆದೇಶ ನನ್ನ ಮೇಜಿಗೆ ಬಂದಿತ್ತು, ನಾನು ಸರ್ವರಿಗೆ ಹೇಳಿದ್ದೆ. ಸೂಪರ್‌ವೈಸರ್ ಹೇಳಿರುತ್ತಾರೆ ಅಂತ ನಾನು, ನಾನು ಹೇಳಿರುತ್ತೇನೆ ಅಂತ ಅವರು.

"ಹಂಗಾದ್ರೆ ಈಗ ಬರ್ತಾಳೆ" ಅಂದರು ಆಯಮ್ಮ. ಒಳಗೆ ಹೋಗಲಿಲ್ಲ. ನನ್ನ ಪಕ್ಕದಲ್ಲೇ ನಿಂತರು.

ಸ್ವಲ್ಪ ಹೊತ್ತಿಗೆ ಅವಳು ಗೇಟಿನೊಳಗೆ ಬಂದಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಕೈಯಲ್ಲಿ ಡಬ್ಬಿಚೀಲ. ನಡೆಯುತ್ತಲೇ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ನಾನು ಹೋಗಿ ಮಷೀನಿಗೂ ಅವಳಿಗೂ ಮಧ್ಯೆ ನಿಂತೆ.

"ಒಂದ್ನಿಮಿಷ ನಿಂತ್ಕೊಳಮ್ಮ" ಅಂದೆ. "ಅದನ್ನ ಒತ್ತಬ್ಯಾಡ. ನಿನ್ನ ಹತ್ರ ಒಂದು ಮಾತು ಹೇಳಬೇಕು."

ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಮುಖ ಬಿಟ್ಟು ಕೆಳಗೆ ನೋಡುತ್ತಾ, "ನಾನೇನು ತಪ್ಪು ಮಾಡಿದ್ನಿ ಮೇಡಂ?" ಅಂತ ಕೇಳಿದಳು.

"ನೀನೇನೂ ಮಾಡಿಲ್ಲ" ಅಂದೆ. "ಮಾಡಿದ್ದು ನಾನು."